ಪಿವಿಸಿ ರೆಸಿನ್: ಆಮದಿನ ಬೇಡಿಕೆಯನ್ನೂ ದರವನ್ನೂ ಓದುವುದು ಹೇಗೆ?

ಪೈಪಿನ ಅಂಗಡಿಯಲ್ಲಿ ಬೋರ್‌ವೆಲ್ ಕೇಸಿಂಗ್‌ಗೆ ದರ ಕೇಳಿದವರಿಗೆ 'ಇವತ್ತಿನ ರೇಟು ಇವತ್ತಿಗೆ ಮಾತ್ರ' ಎಂಬ ಉತ್ತರ ಹೊಸದಲ್ಲ. ಅಂಗಡಿಯವರು ವಿತರಕರ ಕಡೆಗೂ, ವಿತರಕರು ಪೈಪ್ ಕಂಪನಿಯ ಕಡೆಗೂ ಬೆರಳು ತೋರಿಸುತ್ತಾರೆ. ಕಂಪನಿಯವರನ್ನು ಕೇಳಿದರೆ ಪೈಪಿನ ಕಚ್ಚಾಮಾಲಾದ ಪಿವಿಸಿ ರೆಸಿನ್‌ನ ದರ ಏರಿದೆ ಎನ್ನುತ್ತಾರೆ. ಆ ಮಾತು ನಿಜವೋ ಅಲ್ಲವೋ ಎಂಬುದನ್ನು ಸಣ್ಣ ಪೈಪ್ ಘಟಕದ ಮಾಲೀಕರು, ವಿತರಕರು, ದೊಡ್ಡ ಕಾಮಗಾರಿಯ ಗುತ್ತಿಗೆದಾರರು ತಾವೇ ಪರಿಶೀಲಿಸಿಕೊಳ್ಳಬಹುದು. ಇದಕ್ಕೆ ಬೇಕಾದ ಅಂಕಿ ಅಂಶಗಳಲ್ಲಿ ಬಹುಪಾಲು ಸಾರ್ವಜನಿಕವಾಗಿಯೇ ಲಭ್ಯ. ಅವುಗಳನ್ನು ಯಾವ ಕ್ರಮದಲ್ಲಿ ನೋಡಬೇಕು ಎಂಬುದು ತಿಳಿದಿರಬೇಕು, ಅಷ್ಟೇ.

ಮೊದಲು ಕೊರತೆಯನ್ನು ಅಳೆಯಿರಿ

ಭಾರತದಲ್ಲಿ ವರ್ಷಕ್ಕೆ 40 ಲಕ್ಷ ಟನ್‌ಗೂ ಹೆಚ್ಚು ಪಿವಿಸಿ ಬಳಕೆಯಾಗುತ್ತದೆ. ರಿಲಯನ್ಸ್, ಕೆಂಪ್ಲಾಸ್ಟ್ ಸನ್ಮಾರ್, ರತ್ನಾಗಿರಿಯಲ್ಲಿ ಘಟಕವಿರುವ ಫಿನೋಲೆಕ್ಸ್, ಕೋಟಾದ ಡಿಸಿಎಂ ಶ್ರೀರಾಮ್, ತಮಿಳುನಾಡಿನ ಸಾಹುಪುರಂನ ಡಿಸಿಡಬ್ಲ್ಯು ಇವೆಲ್ಲವುಗಳ ಸಾಮರ್ಥ್ಯ ಸೇರಿದರೂ ಸುಮಾರು 15–16 ಲಕ್ಷ ಟನ್ ಮಾತ್ರ. ಉಳಿದದ್ದು ಚೀನಾ, ತೈವಾನ್, ಜಪಾನ್, ದಕ್ಷಿಣ ಕೊರಿಯಾ, ಅಮೆರಿಕ, ಇಂಡೊನೇಷ್ಯಾ, ಥಾಯ್ಲೆಂಡ್‌ಗಳಿಂದ ಹಡಗಿನಲ್ಲಿ ಬರುತ್ತದೆ. ಅರ್ಧಕ್ಕಿಂತ ಹೆಚ್ಚು ಮಾಲು ಹೊರಗಿನಿಂದ ಬರುವ ಮಾರುಕಟ್ಟೆಯಲ್ಲಿ ಸ್ಥಳೀಯ ಉತ್ಪಾದಕರು ಸ್ವಂತ ಖರ್ಚಿನ ಮೇಲೆ ಲಾಭ ಸೇರಿಸಿ ಬೆಲೆ ಕಟ್ಟುವುದಿಲ್ಲ. ಆಮದು ಮಾಲು ಬಂದರಿಗೆ ಎಷ್ಟಕ್ಕೆ ಬಿದ್ದೀತು ಎಂದು ನೋಡಿ, ಅದರ ಆಸುಪಾಸಿನಲ್ಲಿ ತಮ್ಮ ದರಪಟ್ಟಿಯನ್ನು ಹೊರಡಿಸುತ್ತಾರೆ. ಆದ್ದರಿಂದ ರಿಲಯನ್ಸ್ ಘಟಕವಿರುವ ಹಜೀರಾ ಅಥವಾ ರತ್ನಾಗಿರಿಯ ದರವನ್ನು ಅರಿಯಬೇಕಾದರೆ ನಾವು ನೋಡಬೇಕಾದದ್ದು ಪೂರ್ವ ಏಷ್ಯಾವನ್ನು.

ಬಳಕೆಯ ಸ್ವರೂಪವೂ ಗಮನದಲ್ಲಿರಲಿ. ನಮ್ಮಲ್ಲಿ ಪಿವಿಸಿಯ ಹೆಚ್ಚಿನ ಪಾಲು ಪೈಪ್ ಮತ್ತು ಫಿಟ್ಟಿಂಗ್‌ಗೆ ಹೋಗುತ್ತದೆ, ಅದರಲ್ಲಿಯೂ ಕೃಷಿಗೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಕಡೆ ರಾಗಿ ಕೊಯ್ಲು ಮುಗಿದ ಮೇಲೆ ಶುರುವಾಗುವ ಕೊಳವೆಬಾವಿಯ ಕೆಲಸ ಮಳೆ ಹಿಡಿಯುವವರೆಗೂ ನಡೆಯುತ್ತದೆ. ದೇಶದ ಬೇಡಿಕೆಯೂ ಹೆಚ್ಚುಕಡಿಮೆ ಇದೇ ಪಂಚಾಂಗವನ್ನು ಅನುಸರಿಸುತ್ತದೆ: ಜನವರಿಯಿಂದ ಮೇವರೆಗೆ ಬಿರುಸು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂದ. 2019ರ ಆಗಸ್ಟ್‌ನಲ್ಲಿ ಘೋಷಣೆಯಾದ ಜಲ ಜೀವನ್ ಮಿಷನ್‌ನಂಥ ಸರ್ಕಾರಿ ಯೋಜನೆಗಳ ಅನುದಾನ ಬಿಡುಗಡೆಯಾದಾಗಲೂ ತಡೆದಾಗಲೂ ಈ ಲಯ ಸ್ವಲ್ಪ ತಪ್ಪುವುದುಂಟು.

ಬಂದರಿಗೆ ಬಿದ್ದ ದರವನ್ನು ನೀವೇ ಲೆಕ್ಕ ಹಾಕಿ

ಇಡೀ ಅಭ್ಯಾಸದಲ್ಲಿ ಹೆಚ್ಚು ಉಪಯೋಗಕ್ಕೆ ಬರುವ ಹೆಜ್ಜೆ ಇದು. ತೈವಾನಿನ ಫಾರ್ಮೋಸಾ ಪ್ಲಾಸ್ಟಿಕ್ಸ್ ಪ್ರತಿ ತಿಂಗಳೂ ಮುಂದಿನ ತಿಂಗಳ ಸಾಗಣೆಗೆ ಭಾರತಕ್ಕೆಂದೇ ಪ್ರತ್ಯೇಕ ದರ ಪ್ರಕಟಿಸುತ್ತದೆ, ಮತ್ತು ಏಷ್ಯಾದ ಇತರ ಮಾರಾಟಗಾರರು ಅದನ್ನೇ ಅಳತೆಗೋಲಾಗಿ ಇಟ್ಟುಕೊಳ್ಳುತ್ತಾರೆ. ಈ ದರ ಟನ್ನಿಗೆ ಡಾಲರ್‌ನಲ್ಲಿ, ಸಾಗಣೆ ವೆಚ್ಚವನ್ನೂ ಒಳಗೊಂಡು ಇರುತ್ತದೆ.

ಲೆಕ್ಕದ ಸಲುವಾಗಿ ವಿಮೆಯೂ ಸೇರಿ ಟನ್ನಿಗೆ 700 ಡಾಲರ್, ಡಾಲರಿಗೆ 85 ರೂಪಾಯಿ ಎಂದಿಟ್ಟುಕೊಳ್ಳೋಣ. ಆಗ ಸುಂಕಕ್ಕೆ ಒಳಪಡುವ ಮೌಲ್ಯ 59,500 ರೂಪಾಯಿ. ಮೂಲ ಆಮದು ಸುಂಕ ಶೇ 7.5 ಎಂದರೆ 4,462.50 ರೂಪಾಯಿ, ಆ ಸುಂಕದ ಮೇಲೆ ಶೇ 10 ಸಮಾಜ ಕಲ್ಯಾಣ ಸರ್‌ಚಾರ್ಜ್, ಅಂದರೆ 446.25 ರೂಪಾಯಿ. ಒಟ್ಟು 64,408.75. ಬಂದರಿನ ಖರ್ಚು, ಕ್ಲಿಯರಿಂಗ್ ಏಜೆಂಟರ ಶುಲ್ಕ, ಲಾರಿ ಬಾಡಿಗೆ ಎಲ್ಲ ಸೇರಿ 2,500 ರೂಪಾಯಿ ಎಂದರೆ ಕಿಲೋಗೆ ಸುಮಾರು 66 ರೂಪಾಯಿ 90 ಪೈಸೆ ಬೀಳುತ್ತದೆ. ಇದರ ಮೇಲಿನ ಶೇ 18 ಐಜಿಎಸ್‌ಟಿ ಮುಂದೆ ಇನ್‌ಪುಟ್ ಕ್ರೆಡಿಟ್ ಆಗಿ ಸಿಗುವುದರಿಂದ ಅದನ್ನು ಖರ್ಚಿಗೆ ಸೇರಿಸಬಾರದು. ಆದರೆ ಅಷ್ಟು ಹಣ ಕೆಲವು ವಾರ ಕಟ್ಟಿಬಿದ್ದಿರುತ್ತದೆ, ಅದರ ಬಡ್ಡಿಯನ್ನು ಸೇರಿಸಲೇಬೇಕು; ಸಣ್ಣ ಘಟಕಗಳು ಮರೆಯುವುದು ಹೆಚ್ಚಾಗಿ ಈ ಬಡ್ಡಿಯನ್ನೇ.

ಇದೇ ಲೆಕ್ಕದಿಂದ ಎರಡು ಸೂತ್ರಗಳು ಸಿಗುತ್ತವೆ. ಆಮದು ದರ ಟನ್ನಿಗೆ 10 ಡಾಲರ್ ಬದಲಾದರೆ ಕಿಲೋಗೆ ಸುಮಾರು 92 ಪೈಸೆ ಬದಲಾಗುತ್ತದೆ. ರೂಪಾಯಿ ಒಂದು ರೂಪಾಯಿಯಷ್ಟು ಕುಸಿದರೆ ಕಿಲೋಗೆ ಸುಮಾರು 76 ಪೈಸೆ ಏರುತ್ತದೆ. ಡಾಲರ್ ದರ 20 ಡಾಲರ್ ಇಳಿದ ತಿಂಗಳಲ್ಲಿಯೇ ರೂಪಾಯಿಯೂ ಎರಡು ರೂಪಾಯಿ ಬಿದ್ದರೆ, ಇಳಿಕೆಯ ಬಹುಪಾಲು ದಾರಿಯಲ್ಲಿಯೇ ಕರಗಿಹೋಗುತ್ತದೆ. 'ವಿದೇಶದಲ್ಲಿ ಇಳಿದರೂ ಇಲ್ಲಿ ಇಳಿಯಲಿಲ್ಲ' ಎಂಬ ದೂರಿನಲ್ಲಿ ಎಷ್ಟು ಹುರುಳಿದೆ ಎಂಬುದನ್ನು ಈ ಎರಡು ಅಂಕಿಗಳಿಂದಲೇ ತೂಗಿ ನೋಡಬಹುದು.

ಸುಂಕದ ದರ ಬಜೆಟ್‌ಗಳಲ್ಲಿ ಬದಲಾಗಬಹುದು. ಜಪಾನ್, ದಕ್ಷಿಣ ಕೊರಿಯಾ, ಆಸಿಯಾನ್ ದೇಶಗಳೊಂದಿಗಿನ ವ್ಯಾಪಾರ ಒಪ್ಪಂದಗಳಿಂದ ಮೂಲ ದೇಶದ ಪ್ರಮಾಣಪತ್ರವಿರುವ ಮಾಲಿಗೆ ರಿಯಾಯಿತಿ ಸಿಗಲೂಬಹುದು. ಲೆಕ್ಕಕ್ಕೆ ಕೂರುವ ಮೊದಲು ಆ ದಿನದ ಅಧಿಸೂಚನೆಯನ್ನು ನೋಡಿಕೊಳ್ಳಬೇಕು.

ಪ್ರಮಾಣ ಮತ್ತು ಮೌಲ್ಯವನ್ನು ಒಟ್ಟಿಗೆ ಇಟ್ಟು ನೋಡಿ

ಕೇಂದ್ರ ವಾಣಿಜ್ಯ ಸಚಿವಾಲಯದ ಆಮದು–ರಫ್ತು ದತ್ತಾಂಶ ಕೋಶದಲ್ಲಿ ಎಂಟು ಅಂಕಿಗಳ ಎಚ್‌ಎಸ್ ಸಂಕೇತ (ಸುಂಕಕ್ಕಾಗಿ ಸರಕನ್ನು ಗುರುತಿಸುವ ಸಂಖ್ಯೆ) ಕೊಟ್ಟರೆ ತಿಂಗಳುವಾರು, ದೇಶವಾರು ಆಮದು ಸಿಗುತ್ತದೆ. ಪೈಪಿಗೆ ಬಳಸುವ ಸಸ್ಪೆನ್ಷನ್ ದರ್ಜೆಯ ಪಿವಿಸಿಯ ಸಂಕೇತ 39041020. ಮೌಲ್ಯವನ್ನು ಪ್ರಮಾಣದಿಂದ ಭಾಗಿಸಿದರೆ ಆ ತಿಂಗಳ ಸರಾಸರಿ ದರ ದೊರೆಯುತ್ತದೆ. ಇದು ತಡವಾಗಿ ಬರುವ ಮಾಹಿತಿ, ಅಲ್ಲದೆ ಒಂದೆರಡು ತಿಂಗಳ ಹಿಂದೆ ಕುದುರಿದ ವ್ಯವಹಾರದ ದರ. ಹಾಗಾಗಿ ನಾಳೆಯ ಖರೀದಿಗೆ ಇದನ್ನು ನೆಚ್ಚಿಕೊಳ್ಳುವಂತಿಲ್ಲ. ದಿಕ್ಕು ತಿಳಿಯಲು ಮಾತ್ರ ಇದಕ್ಕಿಂತ ನಂಬಿಕಸ್ಥ ಮೂಲವಿಲ್ಲ.

ಇಲ್ಲಿ ಹಲವರು ಎಡವುತ್ತಾರೆ. ಆಮದು ಏರಿತು ಎಂದರೆ ಬೇಡಿಕೆ ಏರಿತು, ಬೇಡಿಕೆ ಏರಿದರೆ ದರ ಏರುತ್ತದೆ ಎಂದು ಓದಿಬಿಡುತ್ತಾರೆ. ಆಮದು ಎರಡು ಬಗೆಯಲ್ಲಿ ಏರುತ್ತದೆ: ಇಲ್ಲಿನ ಬೇಡಿಕೆ ಮಾಲನ್ನು ಎಳೆದು ತರಬಹುದು, ಅಲ್ಲಿನ ಹೆಚ್ಚುವರಿ ದಾಸ್ತಾನು ಮಾಲನ್ನು ಇತ್ತ ತಳ್ಳಬಹುದು. ಪ್ರಮಾಣ ಮತ್ತು ಸರಾಸರಿ ದರ ಎರಡೂ ಏರಿದ್ದರೆ ಅದು ಎಳೆದು ತಂದ ಮಾಲು. ಪ್ರಮಾಣ ಏರಿ ದರ ಇಳಿದಿದ್ದರೆ ಅದು ತಳ್ಳಿ ಬಂದದ್ದು, ಅಂಥ ಹೊತ್ತಿನಲ್ಲಿ ಗೋದಾಮು ತುಂಬಿಸಿಕೊಳ್ಳುವ ಆತುರ ಬೇಡ. 2021ರಿಂದ ಚೀನಾದ ವಸತಿ ನಿರ್ಮಾಣ ಕ್ಷೇತ್ರ ಕುಸಿದ ಮೇಲೆ ಅಲ್ಲಿನ ಬಾಗಿಲು, ಕಿಟಕಿ, ಪೈಪುಗಳಿಗೆ ಹೋಗಬೇಕಿದ್ದ ಪಿವಿಸಿ ಹೊರದೇಶಗಳ ದಾರಿ ಹಿಡಿಯಿತು. ಅದಕ್ಕೆ ಸಿಕ್ಕ ಅತಿ ದೊಡ್ಡ ಗಿರಾಕಿ ಭಾರತವೇ.

ಉಪ್ಪಿನ ಕಡೆಗೂ ಒಂದು ಕಣ್ಣಿರಲಿ

ಪಿವಿಸಿಯನ್ನು ಪೆಟ್ರೋಲಿಯಂ ಉತ್ಪನ್ನ ಎಂದಷ್ಟೇ ತಿಳಿದವರಿಗೆ ಅದರ ದರ ಒಗಟಾಗಿಯೇ ಕಾಣುತ್ತದೆ. ತೂಕದಲ್ಲಿ ಅದರ ಸುಮಾರು ಶೇ 57 ಭಾಗ ಕ್ಲೋರಿನ್, ಅಂದರೆ ಉಪ್ಪಿನಿಂದ ಬಂದದ್ದು. ಉಪ್ಪುನೀರಿಗೆ ವಿದ್ಯುತ್ ಹಾಯಿಸಿದಾಗ ಒಂದು ಟನ್ ಕ್ಲೋರಿನ್ ಜೊತೆಗೆ ಸುಮಾರು 1.1 ಟನ್ ಕಾಸ್ಟಿಕ್ ಸೋಡಾ ಹುಟ್ಟುತ್ತದೆ, ಒಂದನ್ನು ಬಿಟ್ಟು ಇನ್ನೊಂದನ್ನು ತಯಾರಿಸಲಾಗದು. ಅಲ್ಯೂಮಿನಾ, ಕಾಗದ, ಸಾಬೂನು ಉದ್ಯಮಗಳಲ್ಲಿ ಕಾಸ್ಟಿಕ್‌ಗೆ ಒಳ್ಳೆಯ ಬೆಲೆಯಿದ್ದರೆ ಕಾರ್ಖಾನೆಗಳು ಪೂರ್ಣ ಸಾಮರ್ಥ್ಯದಲ್ಲಿ ಓಡುತ್ತವೆ. ಆಗ ಹೊರಬಂದ ಕ್ಲೋರಿನ್‌ಗೆ ಒಂದು ನೆಲೆ ಬೇಕಲ್ಲ. ಪಿವಿಸಿಯಲ್ಲಿ ನಷ್ಟವಾದರೂ ಸರಿ ಎಂದು ಅದನ್ನು ಮಾಡಿ ಮಾರುತ್ತಾರೆ. ಕಾಸ್ಟಿಕ್ ದರ ಏರುತ್ತಿರುವಾಗ ಪಿವಿಸಿ ದರ ಇಳಿಯುವುದಕ್ಕೆ ಕಾರಣ ಬಹುಮಟ್ಟಿಗೆ ಇದೇ.

ಇನ್ನು ಉಳಿದ ಇಂಗಾಲದ ಭಾಗ. ಅಮೆರಿಕ, ಜಪಾನ್, ತೈವಾನ್‌ಗಳಲ್ಲಿ ಅದು ಎಥಿಲೀನ್‌ನಿಂದ ಬರುತ್ತದೆ. ಚೀನಾದ ಒಳನಾಡಿನಲ್ಲಿ, ಮುಖ್ಯವಾಗಿ ಒಳ ಮಂಗೋಲಿಯಾ ಮತ್ತು ಷಿನ್‌ಜಿಯಾಂಗ್‌ನಲ್ಲಿ, ಕಲ್ಲಿದ್ದಲಿನಿಂದ ಮಾಡಿದ ಕ್ಯಾಲ್ಸಿಯಂ ಕಾರ್ಬೈಡ್‌ನಿಂದ ಬರುತ್ತದೆ. ಆದ್ದರಿಂದ ಕಚ್ಚಾ ತೈಲದ ದರವೊಂದನ್ನೇ ನೋಡಿ ಪಿವಿಸಿ ಭವಿಷ್ಯ ಹೇಳುವವರ ಮಾತು ಅರ್ಧದಷ್ಟೂ ಫಲಿಸುವುದಿಲ್ಲ. ಚೀನಾದ ಕಲ್ಲಿದ್ದಲು, ವಿದ್ಯುತ್ ಮತ್ತು ಕಾರ್ಬೈಡ್ ದರಗಳು ಹಾಗೂ ಡಾಲಿಯನ್ ಸರಕು ವಿನಿಮಯ ಕೇಂದ್ರದ ಪಿವಿಸಿ ವಾಯಿದಾ (ಫ್ಯೂಚರ್ಸ್) ದರ, ಇವು ತೈಲಕ್ಕಿಂತ ಮುಂಚಿತವಾಗಿ ಸೂಚನೆ ಕೊಡುತ್ತವೆ. ಕಾರ್ಬೈಡ್ ಮೂಲದ ಮಾಲು ಸಾಮಾನ್ಯವಾಗಿ ಎಥಿಲೀನ್ ಮೂಲದ್ದಕ್ಕಿಂತ ಕಡಿಮೆ ಬೆಲೆಗೆ ಬಿಕರಿಯಾಗುವುದರಿಂದ, ಎರಡು ಕೊಟೇಷನ್‌ಗಳನ್ನು ಹೋಲಿಸುವಾಗ ಮಾಲು ಯಾವ ಮೂಲದ್ದು, ಕೆ-ಮೌಲ್ಯ (ರೆಸಿನ್‌ನ ಅಣುಸರಪಳಿ ಎಷ್ಟು ಉದ್ದ ಎಂಬುದರ ಅಳತೆ) ಎಷ್ಟು ಎಂಬುದನ್ನು ಮೊದಲು ಕೇಳಿ. 25 ಕಿಲೋ ಚೀಲದ ಮೇಲೆ ದರ್ಜೆ ಮುದ್ರಿತವಾಗಿರುತ್ತದೆ. ಪೈಪಿಗೆ 66–68ರ ಆಸುಪಾಸಿನ ಕೆ-ಮೌಲ್ಯ ಬೇಕು, ಫಿಟ್ಟಿಂಗ್‌ಗೆ ಅದಕ್ಕಿಂತ ಸಾಕಷ್ಟು ಕಡಿಮೆಯದು.

ಇವೆಲ್ಲ ಒಂದೇ ಬಾರಿಗೆ ಕೆಲಸ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ 2021 ಸಾಕ್ಷಿ. ಫೆಬ್ರುವರಿಯಲ್ಲಿ ಟೆಕ್ಸಾಸ್ ಹಿಮಗಟ್ಟಿ ಅಲ್ಲಿನ ಘಟಕಗಳು ನಿಂತವು, ಆಗಸ್ಟ್ ಕೊನೆಯಲ್ಲಿ ಐಡಾ ಚಂಡಮಾರುತ ಲೂಸಿಯಾನಾಕ್ಕೆ ಅಪ್ಪಳಿಸಿತು, ಅದರ ಬೆನ್ನಿಗೇ ಚೀನಾದಲ್ಲಿ ವಿದ್ಯುತ್ ಕಡಿತದಿಂದ ಕಾರ್ಬೈಡ್ ಕುಲುಮೆಗಳು ತಣ್ಣಗಾದವು. ಭಾರತಕ್ಕೆ ಬರುವ ಪಿವಿಸಿ ಟನ್ನಿಗೆ 1,500 ಡಾಲರ್ ದಾಟಿತು. ಮರುವರ್ಷದ ಕೊನೆಯ ಹೊತ್ತಿಗೆ ಅದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಮೇಲಿನ ದರದಲ್ಲಿ ದಾಸ್ತಾನು ಮಾಡಿಕೊಂಡಿದ್ದ ಪೈಪ್ ಕಂಪನಿಗಳ ಲೆಕ್ಕಪತ್ರಗಳಲ್ಲಿ 'ದಾಸ್ತಾನು ನಷ್ಟ' ಎಂಬ ಸಾಲು ತ್ರೈಮಾಸಿಕದಿಂದ ತ್ರೈಮಾಸಿಕಕ್ಕೆ ಮರುಕಳಿಸಿತು.

ಮಧ್ಯದವರ ದಾಸ್ತಾನನ್ನು ಅಂದಾಜಿಸಿ

ದರ ಇಳಿಯುವ ಸೂಚನೆ ಕಂಡೊಡನೆ ವಿತರಕರು ಖರೀದಿ ನಿಲ್ಲಿಸುತ್ತಾರೆ, ಏರುವ ಸೂಚನೆ ಕಂಡರೆ ಬೇಕಾದದ್ದಕ್ಕಿಂತ ಹೆಚ್ಚು ಎತ್ತುತ್ತಾರೆ. ರೈತರ ಹೊಲದಲ್ಲಿ ಹೂಳುವ ಪೈಪಿನ ಉದ್ದ ಬದಲಾಗದಿದ್ದರೂ ಕಾರ್ಖಾನೆಯ ಬಾಗಿಲಲ್ಲಿ ಬೇಡಿಕೆ ಹೀಗೆ ಉಬ್ಬಿ ಕುಗ್ಗುತ್ತದೆ. ದೇಶೀಯ ಉತ್ಪಾದಕರು 'ಪ್ರೈಸ್ ಪ್ರೊಟೆಕ್ಷನ್' ಕೊಡುತ್ತಿದ್ದಾರೆಂದರೆ, ಅಂದರೆ ಮುಂದೆ ದರ ಇಳಿದರೆ ವ್ಯತ್ಯಾಸ ತುಂಬಿಕೊಡುತ್ತೇವೆ ಎನ್ನುತ್ತಿದ್ದಾರೆಂದರೆ, ಅವರ ಗೋದಾಮಿನಲ್ಲಿ ಮಾಲು ಹೆಚ್ಚಿದೆ ಎಂದೇ ಅರ್ಥ ಮಾಡಿಕೊಳ್ಳಬಹುದು. ನನ್ನ ಮಟ್ಟಿಗೆ ಅಧಿಕೃತ ದರಪಟ್ಟಿಗಿಂತ ಹೆಚ್ಚು ಸತ್ಯ ಹೇಳುವುದು ಇಂಥ ರಿಯಾಯಿತಿಗಳೇ.

ದೆಹಲಿಯ ಕಡತಗಳು

ವ್ಯಾಪಾರ ಪರಿಹಾರ ಮಹಾನಿರ್ದೇಶನಾಲಯ 2024ರಲ್ಲಿ ಚೀನಾ, ತೈವಾನ್, ಜಪಾನ್, ಅಮೆರಿಕ ಮೊದಲಾದ ದೇಶಗಳ ಪಿವಿಸಿಯ ಮೇಲೆ ಸುರಿತ-ವಿರೋಧಿ (ಆ್ಯಂಟಿ-ಡಂಪಿಂಗ್) ಸುಂಕದ ತನಿಖೆ ಆರಂಭಿಸಿತು. ಪಿವಿಸಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು ಕಡ್ಡಾಯ ಮಾಡಲು ಹೊರಡಿಸಿದ್ದ ಗುಣಮಟ್ಟ ನಿಯಂತ್ರಣ ಆದೇಶದ ಜಾರಿಯೂ ಮತ್ತೆ ಮತ್ತೆ ಮುಂದಕ್ಕೆ ಹೋಯಿತು. ಗಡುವು ಹತ್ತಿರವಾದಾಗ ಮಾರುಕಟ್ಟೆ ಬಿಗಿಯಾಗುವುದು, ಮುಂದೂಡಿಕೆಯ ಸುದ್ದಿ ಬಂದಾಗ ಸಡಿಲವಾಗುವುದು ಪ್ರತಿ ಬಾರಿಯೂ ಕಂಡ ಸಂಗತಿ. ನಿರ್ದೇಶನಾಲಯದ್ದು ಶಿಫಾರಸು ಮಾತ್ರ, ಹಣಕಾಸು ಸಚಿವಾಲಯ ಅಧಿಸೂಚನೆ ಹೊರಡಿಸಿದರಷ್ಟೇ ಸುಂಕ ಬೀಳುತ್ತದೆ. ಶಿಫಾರಸಿನ ಸುದ್ದಿ ಕೇಳಿ ಹತ್ತು ಲೋಡ್ ಹೆಚ್ಚು ಖರೀದಿಸುವವರು ಈ ವ್ಯತ್ಯಾಸವನ್ನು ನೆನಪಿಡಬೇಕು.

ಹಾಗೆಯೇ ಹೊಸ ಘಟಕಗಳ ಮೇಲೂ ನಿಗಾ ಬೇಕು. ಮುಂದ್ರಾದಲ್ಲಿ ಅದಾನಿ ಸಮೂಹ ವರ್ಷಕ್ಕೆ 10 ಲಕ್ಷ ಟನ್ ಸಾಮರ್ಥ್ಯದ, ಕಲ್ಲಿದ್ದಲು ಆಧಾರಿತ ಪಿವಿಸಿ ಯೋಜನೆ ಕೈಗೆತ್ತಿಕೊಂಡಿದೆ. ರಿಲಯನ್ಸ್ ಕೂಡ ವಿಸ್ತರಣೆ ಘೋಷಿಸಿದೆ. ಇಂಥ ಘಟಕಗಳು ಶುರುವಾದ ಮೊದಲ ತಿಂಗಳುಗಳಲ್ಲಿ ಗುಣಮಟ್ಟ ಒಂದೇ ಸಮನೆ ಇರುವುದಿಲ್ಲ, ಪರೀಕ್ಷಾರ್ಥ ಮಾಲು ರಿಯಾಯಿತಿಯಲ್ಲಿ ಹೊರಬರುತ್ತದೆ. ಆದರೂ ಆಮದು ಪೂರ್ತಿ ನಿಲ್ಲದಿರುವವರೆಗೆ ದೇಶೀಯ ದರ ಬಂದರಿನ ದರವನ್ನೇ ಅನುಸರಿಸುತ್ತದೆ. ಆದ್ದರಿಂದ ಮೇಲೆ ಹೇಳಿದ 92 ಪೈಸೆ ಮತ್ತು 76 ಪೈಸೆಯ ಸೂತ್ರಗಳನ್ನು, ಸುಂಕ ಅಥವಾ ವಿನಿಮಯ ದರ ಬದಲಾದಾಗಲೆಲ್ಲ ಹೊಸದಾಗಿ ಲೆಕ್ಕ ಹಾಕಿ, ಖರೀದಿ ಪುಸ್ತಕದ ಮೊದಲ ಪುಟದಲ್ಲಿಯೇ ಬರೆದಿಟ್ಟುಕೊಳ್ಳುವುದು ಅನುಕೂಲ.