ಹಳೇ ಬುಲೆಟ್ಟಿಗೆ ಹೊಸ ಕಿಡಿ: ಬ್ಯಾಟರಿಯಿಂದ ಪ್ಲಗ್ಗಿನವರೆಗೆ ನಾನು ಮಾಡಿದ ಕೆಲಸ

ಹಳೇ ಬೈಕು ಸರಿಯಾಗಿ ಸ್ಟಾರ್ಟ್ ಆಗ್ತಿಲ್ಲ ಅಂದರೆ ಸಾಕು, "ಪಾಯಿಂಟ್ ಕಿತ್ತು ಎಲೆಕ್ಟ್ರಾನಿಕ್ ಹಾಕಿಸಿಬಿಡಿ" ಅನ್ನುವವರೇ ಎಲ್ಲರೂ. ಪಾಯಿಂಟ್ ಅಂದರೆ ಇಂಜಿನ್ ತಿರುಗಿದಂತೆ ತೆರೆದು ಮುಚ್ಚುತ್ತಾ ಕಿಡಿ ಹುಟ್ಟಿಸುವ ಸಣ್ಣ ಸ್ವಿಚ್; ಎಲೆಕ್ಟ್ರಾನಿಕ್ ಅಂದರೆ ಅದರ ಜಾಗದಲ್ಲಿ ಕೂರುವ ಸೆನ್ಸರ್ ಕಿಟ್. ನಾನೂ ಹಾಕಿದ್ದೇನೆ, ಹಾಕಿದ್ದಕ್ಕೆ ಖುಷಿಯೂ ಇದೆ. ಆದರೆ ಅದು ಎಲ್ಲಕ್ಕಿಂತ ಕೊನೆಗೆ ಮಾಡಿದ ಕೆಲಸ. ಬ್ಯಾಟರಿಯಿಂದ ಶುರುಮಾಡಿ, ಕರೆಂಟು ಹೋಗುವ ದಾರಿಯನ್ನೇ ಹಿಡಿದು, ಒಂದೊಂದು ಭಾಗವನ್ನೂ ಅಳೆದು, ಬೇಕಾದ್ದನ್ನು ಮಾತ್ರ ಬದಲಾಯಿಸುತ್ತಾ ಪ್ಲಗ್ಗಿನವರೆಗೆ ಬಂದೆ. ಒಂದು ಬದಲಾಯಿಸಿ ಓಡಿಸಿ ನೋಡಿದ ಮೇಲೇ ಮುಂದಿನದಕ್ಕೆ ಕೈಹಾಕಿದೆ. ಹಾಗಾಗಿ ಯಾವುದರಿಂದ ಎಷ್ಟು ಲಾಭವಾಯಿತು ಅಂತ ಖಚಿತವಾಗಿ ಹೇಳಬಲ್ಲೆ.

ನನ್ನದು 350 ಸಿಸಿ ಬುಲೆಟ್. ಬೀಡು ಕಬ್ಬಿಣದ ಸಿಲಿಂಡರ್, 12 ವೋಲ್ಟ್, ಪಾಯಿಂಟ್ ಇಗ್ನಿಷನ್. ಇಂಜಿನ್ ತಣ್ಣಗಿದ್ದಾಗ ಸಲೀಸಾಗಿ ಸ್ಟಾರ್ಟ್ ಆಗುತ್ತಿತ್ತು. ಚೆನ್ನಾಗಿ ಬಿಸಿಯಾದ ಮೇಲೆ ಮಿಸ್ಸಿಂಗ್ ಶುರು, ಸೈಲೆನ್ಸರಿನಲ್ಲಿ ಪಟ್ ಪಟ್ ಅಂತ ಹೊಡೆತ. ನಿಲ್ಲಿಸಿ ಆರಲು ಬಿಟ್ಟರೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಮತ್ತೆ ಓಡುತ್ತಿತ್ತು. ಇದರ ಜೊತೆಗೆ ಹೆಡ್‌ಲೈಟ್ ಹಾಕಿದರೆ ಐಡ್ಲಿಂಗ್ ಕುಸಿಯುತ್ತಿತ್ತು. ಬಿಸಿಗೆ ಬರುವ ತೊಂದರೆ ಒಂದು, ಲೈಟ್ ಹಾಕಿದಾಗ ಬರುವ ತೊಂದರೆ ಇನ್ನೊಂದು. ಎರಡನ್ನೂ ಒಂದೇ ಕಾಯಿಲೆ ಅಂದುಕೊಂಡರೆ ಸುಮ್ನೆ ದುಡ್ಡು ಖರ್ಚಾಗುತ್ತದೆ.

ಮುಂದಿನದು ಅರ್ಥವಾಗಲು ಕಿಡಿ ಹುಟ್ಟುವ ಬಗೆ ಗೊತ್ತಿರಬೇಕು. ಪಾಯಿಂಟ್ ಮುಚ್ಚಿರುವಾಗ ಬ್ಯಾಟರಿಯ ಕರೆಂಟು ಕಾಯಿಲ್‌ನ ದಪ್ಪ ಸುತ್ತಿನಲ್ಲಿ ಹರಿದು ಕಾಂತ ಶಕ್ತಿ ತುಂಬುತ್ತದೆ. ಪಾಯಿಂಟ್ ತೆರೆದ ಕ್ಷಣ ಆ ಶಕ್ತಿ ಕುಸಿಯುತ್ತದೆ. ಆಗ ಸಾವಿರಾರು ಸುತ್ತುಗಳ ಸಣ್ಣ ತಂತಿಯಲ್ಲಿ ಹತ್ತು-ಹದಿನೈದು ಸಾವಿರ ವೋಲ್ಟ್ ಎದ್ದು ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ 1910ರ ಹೊತ್ತಿಗೆ ಕ್ಯಾಡಿಲಾಕ್ ಕಾರಿಗೆ ಕೊಟ್ಟ ವ್ಯವಸ್ಥೆ ಇದು. ಇಷ್ಟು ವರ್ಷ ಬಾಳಿದ್ದು ಸುಮ್ಮನೆ ಅಲ್ಲ. ಎಲ್ಲ ಭಾಗಗಳೂ ಆರೋಗ್ಯವಾಗಿದ್ದರೆ ಅದು ನಿಜಕ್ಕೂ ಚೆನ್ನಾಗಿ ಕೆಲಸ ಮಾಡುತ್ತದೆ.

ಮೊದಲು ಮಲ್ಟಿಮೀಟರ್ ತೆಗೆದುಕೊಂಡೆ. ಇಂಜಿನ್ ತಿರುಗಿಸಿ ಪಾಯಿಂಟ್ ಮುಚ್ಚಿರುವ ಜಾಗದಲ್ಲಿ ನಿಲ್ಲಿಸಿ, ಕೀ ಆನ್ ಮಾಡಿ, ಬ್ಯಾಟರಿಯ ತುದಿಗಳಲ್ಲಿ ಅಳೆದೆ: 12.4 ವೋಲ್ಟ್. ಕಾಯಿಲ್‌ಗೆ ಕರೆಂಟು ಬರುವ ತುದಿಯಲ್ಲಿ ಅಳೆದೆ: 10.7. ದಾರಿಯಲ್ಲೇ 1.7 ವೋಲ್ಟ್ ಕಳೆದುಹೋಗಿತ್ತು! ನೋಡಲು ಸಣ್ಣದು, ಅಲ್ವಾ? ಆದರೆ ಕಾಯಿಲ್‌ನಲ್ಲಿ ತುಂಬುವ ಶಕ್ತಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಇರುತ್ತದೆ. ವೋಲ್ಟೇಜ್ ಏಳರಲ್ಲಿ ಒಂದು ಪಾಲು ಕಡಿಮೆಯಾದರೆ ಕಿಡಿಯ ಶಕ್ತಿಯಲ್ಲಿ ಹತ್ತಿರ ಹತ್ತಿರ ಕಾಲು ಭಾಗವೇ ಹೋಗುತ್ತದೆ. ಕಿಕ್ ಹೊಡೆಯುವಾಗ, ಅಂದರೆ ಕಿಡಿ ಅತಿ ಮುಖ್ಯವಾದ ಹೊತ್ತಿನಲ್ಲೇ, ಇದರ ಪೆಟ್ಟು ಬೀಳುವುದು. ಈ ಅಳತೆ ಬೇಗ ಮುಗಿಸಬೇಕು. ಪಾಯಿಂಟ್ ಮುಚ್ಚಿ ಕೀ ಆನ್ ಇಟ್ಟರೆ 3 ಓಮ್ ಕಾಯಿಲ್‌ನಲ್ಲಿ 4 ಆಂಪಿಯರ್ ಹರಿಯುತ್ತಲೇ ಇರುತ್ತದೆ, ಕಾಯಿಲ್ ಕಾದು ಹಾಳಾಗುತ್ತದೆ.

ಆ 1.7 ವೋಲ್ಟ್ ಎಲ್ಲಿ ಹೋಯಿತು ಅಂತ ಒಂದೊಂದು ಜೋಡಣೆಯ ಈಚೆ-ಆಚೆ ಮೀಟರ್ ಇಟ್ಟು ನೋಡಿದೆ. ಅರ್ಧಕ್ಕಿಂತ ಜಾಸ್ತಿ ಕೀ ಸ್ವಿಚ್ಚಿನಲ್ಲೇ ನಿಂತಿತ್ತು. ಉಳಿದದ್ದು ಹಸಿರು ಕಿಲುಬು ಹಿಡಿದ ಕನೆಕ್ಟರ್‌ಗಳಲ್ಲಿ. ಹೆಡ್‌ಲೈಟಿನ ಕರೆಂಟೂ ಅದೇ ಸ್ವಿಚ್ಚಿನ ಮೂಲಕ ಬರುವುದರಿಂದ ಲೈಟ್ ಹಾಕಿದಾಗ ಕಾಯಿಲ್‌ಗೆ ಸಿಗುವುದು ಇನ್ನೂ ಕಡಿಮೆ. ಒಂದು ತೊಂದರೆಯ ಮೂಲ ಅಲ್ಲೇ ಸಿಕ್ಕಿತು.

ಪರಿಹಾರಕ್ಕೆ ಒಂದು ಸಾಧಾರಣ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್) ಸಾಕಾಯಿತು. ಬ್ಯಾಟರಿಯ ಪಾಸಿಟಿವ್‌ನಿಂದ ಫ್ಯೂಸ್ ದಾಟಿ ದಪ್ಪ ವೈರು ರಿಲೇಯ 30ನೇ ಪಿನ್ನಿಗೆ, 87ರಿಂದ ನೇರ ಕಾಯಿಲ್‌ಗೆ. ಕೀ ಸ್ವಿಚ್ಚಿನಿಂದ ಕಾಯಿಲ್‌ಗೆ ಹೋಗುತ್ತಿದ್ದ ಹಳೇ ವೈರನ್ನು 86ಕ್ಕೆ ಕೊಟ್ಟು, 85ನ್ನು ಅರ್ಥ್ ಮಾಡಿದೆ. ಈಗ ಸ್ವಿಚ್ಚಿಗೆ ರಿಲೇಯನ್ನು ಎಬ್ಬಿಸುವಷ್ಟೇ ಕೆಲಸ. ಬ್ಯಾಟರಿಯ ನೆಗೆಟಿವ್‌ನಿಂದ ಇಂಜಿನ್ ಬೋಲ್ಟಿಗೂ ಒಂದು ದಪ್ಪ ಅರ್ಥ್ ವೈರು ಎಳೆದೆ, ಬೋಲ್ಟಿನ ಬುಡದ ಪೇಂಟ್ ಕೆರೆದು. ಪಾಯಿಂಟಿನ ಕರೆಂಟು ವಾಪಸ್ ಬರುವುದು ಇಂಜಿನ್ ಮೈಯಿಂದಲೇ ಅನ್ನೋದನ್ನು ಜನ ಮರೆಯುತ್ತಾರೆ. ಮತ್ತೆ ಅಳೆದಾಗ ಕಾಯಿಲ್‌ನಲ್ಲಿ 12.2 ವೋಲ್ಟ್. ಲೈಟ್ ಹಾಕಿದಾಗ ಐಡ್ಲಿಂಗ್ ಕುಸಿಯುವುದು ಅಂದೇ ನಿಂತಿತು. ಇಡೀ ಕೆಲಸದಲ್ಲಿ ಅತಿ ಕಡಿಮೆ ಖರ್ಚಾಗಿದ್ದು ಇಲ್ಲಿ, ಅತಿ ಹೆಚ್ಚು ಲಾಭ ಸಿಕ್ಕಿದ್ದೂ ಇಲ್ಲೇ.

ಇನ್ನು ಬಿಸಿಯಾದ ಮೇಲೆ ಬರುವ ಮಿಸ್ಸಿಂಗ್. ಇದರಲ್ಲಿ ನನ್ನ ಅನುಮಾನ ಕಂಡೆನ್ಸರ್ ಮೇಲಿತ್ತು. ಪಾಯಿಂಟ್ ತೆರೆಯುವಾಗ ಕರೆಂಟು ಆ ಸಂದಿನಲ್ಲೇ ಹಾರಲು ನೋಡುತ್ತದೆ. ಅದನ್ನು ತನ್ನೊಳಗೆ ಎಳೆದುಕೊಂಡು ಕಾಯಿಲ್‌ನ ಕರೆಂಟು ಥಟ್ಟನೆ ನಿಲ್ಲುವಂತೆ ಮಾಡುವುದು ಕಂಡೆನ್ಸರ್. ಅದು ಸೋತರೆ ಕಿಡಿ ಪ್ಲಗ್ಗಿನಲ್ಲಿ ಹಾರುವ ಬದಲು ಪಾಯಿಂಟಿನಲ್ಲೇ ಹಾರಿ ವ್ಯರ್ಥವಾಗುತ್ತದೆ.

ನೋಡಲು ಸುಲಭ ದಾರಿಯಿದೆ. ಗಾಡಿ ಬಿಸಿಯಾದ ಮೇಲೆ ಕತ್ತಲಲ್ಲಿ ನಿಲ್ಲಿಸಿ, ಪಾಯಿಂಟಿನ ಮುಚ್ಚಳ ತೆಗೆದು, ಐಡ್ಲಿಂಗಿನಲ್ಲಿ ಬಿಟ್ಟು ನೋಡಬೇಕು. ಒಳ್ಳೆಯ ಕಂಡೆನ್ಸರ್ ಇದ್ದರೆ ಸಾಸಿವೆಯಷ್ಟು ನೀಲಿ ಚುಕ್ಕಿ ಆಗೊಮ್ಮೆ ಈಗೊಮ್ಮೆ ಕಾಣುತ್ತದೆ, ಅಷ್ಟೇ. ನನ್ನ ಗಾಡಿಯಲ್ಲಿ ಹಳದಿ ಬಿಳುಪಿನ ದಪ್ಪ ಕಿಡಿ ಪ್ರತಿ ಸಲವೂ ಚಟ್ ಚಟ್ ಅಂತ ಸಿಡಿಯುತ್ತಿತ್ತು. ಪಾಯಿಂಟ್ ಬಿಚ್ಚಿ ನೋಡಿದರೆ ಒಂದು ಮುಖದಲ್ಲಿ ಗುಳಿ, ಎದುರು ಮುಖದಲ್ಲಿ ಅಷ್ಟೇ ಎತ್ತರದ ಉಬ್ಬು. ಲೋಹ ಒಂದು ಕಡೆಯಿಂದ ಕಿತ್ತು ಇನ್ನೊಂದು ಕಡೆ ಅಂಟಿಕೊಂಡಿತ್ತು. ಕಂಡೆನ್ಸರ್ ತೆಗೆದು ತಣ್ಣಗಿದ್ದಾಗ ಅಳೆದರೆ ಸರಿಯಾಗಿಯೇ 0.2 ಮೈಕ್ರೋಫ್ಯಾರಡ್ ಆಸುಪಾಸು ತೋರಿಸಿತು. ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ ಓಮ್ ರೇಂಜಿನಲ್ಲಿ ನೋಡಿದಾಗ ಒಳಗೇ ಸೋರುತ್ತಿರುವುದು ಗೊತ್ತಾಯಿತು. ತಣ್ಣಗಿರುವಾಗ ಅಳೆದು "ಚೆನ್ನಾಗಿದೆ" ಅಂತ ವಾಪಸ್ ಹಾಕುವುದರಿಂದಲೇ ಈ ತೊಂದರೆ ಎಷ್ಟೋ ಗಾಡಿಗಳಲ್ಲಿ ವರ್ಷಗಟ್ಟಲೆ ಉಳಿದುಬಿಡುತ್ತದೆ.

ಹೊಸ ಕಂಡೆನ್ಸರನ್ನು ಹಳೇ ಜಾಗದಲ್ಲಿ ಹಾಕಲಿಲ್ಲ. ಅದು ಪಾಯಿಂಟಿಗೆ ಸಮಾಂತರವಾಗಿ ಕೂರುವ ಭಾಗ. ಹಾಗಾಗಿ ಕಾಯಿಲ್‌ನಿಂದ ಪಾಯಿಂಟಿಗೆ ಹೋಗುವ ತುದಿಯಲ್ಲೇ, ಟ್ಯಾಂಕಿನ ಕೆಳಗೆ, ಇಂಜಿನ್ ಬಿಸಿಯಿಂದ ದೂರ ಕೂರಿಸಬಹುದು. ಮೈಯನ್ನು ಫ್ರೇಮಿಗೆ ಗಟ್ಟಿಯಾಗಿ ಅರ್ಥ್ ಮಾಡಿದರೆ ಆಯಿತು. ಬಿಸಿಯ ಮಿಸ್ಸಿಂಗ್ ಪೂರ್ತಿ ಹೋಯಿತು.

ಕಾಯಿಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಓಮ್ ಲೆಕ್ಕದಲ್ಲಿ ಸರಿಯಿತ್ತು, ಆದರೆ ಅದರಿಂದ ಹೊರಡುವ ದಪ್ಪ ವೈರಿನ ಮೇಲ್ಪದರ ಬಿರುಕು ಬಿಟ್ಟಿತ್ತು. ಕತ್ತಲಲ್ಲಿ ಇಂಜಿನ್ ಓಡುವಾಗ ಸ್ಪ್ರೇ ಬಾಟಲಿಯಿಂದ ನೀರು ಸಿಂಪಡಿಸಿದರೆ ಕಿಡಿ ಸೋರುವ ಜಾಗ ತಾನೇ ಮಿನುಗುತ್ತದೆ. ವೈರು ಹೊಸದು ಹಾಕಿದೆ, ಒಳಗೆ ತಾಮ್ರದ ಎಳೆಯಿರುವುದು.

ಪ್ಲಗ್ ತರುವಾಗ ಮಾತ್ರ ಒಂದು ವಿಷಯ ಗಟ್ಟಿಯಾಗಿ ನೆನಪಿಡಬೇಕು. ಎನ್‌ಜಿಕೆ ಪ್ಲಗ್ಗಿನಲ್ಲಿ ಸಂಖ್ಯೆ ಹೆಚ್ಚಾದಷ್ಟೂ ಪ್ಲಗ್ ತಣ್ಣಗಿನದು, ಅಂದರೆ ಬಿಸಿಯನ್ನು ಬೇಗ ಹೊರಬಿಡುವಂಥದ್ದು. ಬಾಷ್‌ನಲ್ಲಿ ಇದು ಉಲ್ಟಾ, ಸಂಖ್ಯೆ ಹೆಚ್ಚಾದಷ್ಟೂ ಬಿಸಿ. "ಅದೇ ನಂಬರಿನದು ಕೊಡಿ" ಅಂತ ಕಂಪನಿ ಬದಲಾಯಿಸಿದರೆ ಇಂಜಿನ್ ಪೆಟ್ಟು ತಿನ್ನುತ್ತದೆ. ಎನ್‌ಜಿಕೆಯಲ್ಲಿ 'ಇ' ಅಕ್ಷರ 19 ಮಿಲಿಮೀಟರ್ ಉದ್ದದ ಥ್ರೆಡ್, 'ಹೆಚ್' ಅಂದರೆ 12.7. ಗಿಡ್ಡ ಥ್ರೆಡ್ಡಿನ ಹೆಡ್ಡಿಗೆ ಉದ್ದದ್ದು ತಿರುಗಿಸಿದರೆ ಅದು ಪಿಸ್ಟನ್ನಿಗೆ ತಾಗಬಹುದು. ಹಳೇ ಪ್ಲಗ್ಗನ್ನು ಪಕ್ಕದಲ್ಲಿಟ್ಟು ಹೋಲಿಸದೆ ನಾನು ಹೊಸದನ್ನು ಹಾಕುವುದೇ ಇಲ್ಲ.

ಇಷ್ಟಕ್ಕೇ ಗಾಡಿ ಚೆನ್ನಾಗಿ ಓಡುತ್ತಿತ್ತು. ಹಾಗಿದ್ದರೆ ಎಲೆಕ್ಟ್ರಾನಿಕ್ ಯಾಕೆ? ಪಾಯಿಂಟಿನ ಹಿಮ್ಮಡಿಗಾಗಿ. ಕ್ಯಾಮ್ ಮೇಲೆ ಉಜ್ಜುವ ಆ ಫೈಬರ್ ತುಂಡು ಸವೆಯುತ್ತಲೇ ಇರುತ್ತದೆ. ಸವೆದಂತೆ 0.35ರಿಂದ 0.40 ಮಿಲಿಮೀಟರ್ ಇರಬೇಕಾದ ಗ್ಯಾಪ್ ಕಿರಿದಾಗುತ್ತದೆ. ಗ್ಯಾಪ್ ಕಿರಿದಾದರೆ ಪಾಯಿಂಟ್ ತಡವಾಗಿ ತೆರೆಯುತ್ತದೆ, ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು, ಹಿಂದೆ ಬೀಳುತ್ತದೆ. ಇದು ನಿಧಾನವಾಗಿ ಆಗುವುದರಿಂದ ಓಡಿಸುವವರಿಗೆ ತಿಳಿಯುವುದೂ ಇಲ್ಲ, ಪಿಕಪ್ ಸ್ವಲ್ಪ ಮಂಕಾಗಿದೆ ಅನ್ನಿಸುತ್ತದೆ ಅಷ್ಟೇ. ನಾನು ದೂರದ ಪ್ರಯಾಣ ಜಾಸ್ತಿ ಮಾಡುವವನು. ಒಮ್ಮೆ ಇಟ್ಟ ಟೈಮಿಂಗ್ ಹಾಗೇ ನಿಲ್ಲಬೇಕು ಅನ್ನುವುದು ನನ್ನ ಆಸೆ. ವಾರಕ್ಕೊಮ್ಮೆ ಹತ್ತಿರದಲ್ಲೇ ಸುತ್ತಾಡುವವರಿಗೆ ಪಾಯಿಂಟೇ ಸಾಕು ಅಂತ ಈಗಲೂ ಹೇಳುತ್ತೇನೆ. ಕ್ಯಾಮ್‌ಗೆ ಒಂದು ಚೂರು ಗ್ರೀಸ್ ಸವರಿ, ಫೀಲರ್ ಗೇಜ್ (ಗ್ಯಾಪ್ ಅಳೆಯುವ ತೆಳು ಪಟ್ಟಿ) ಹಿಡಿದು ನೋಡಿಕೊಳ್ಳುವ ತಾಳ್ಮೆ ಇದ್ದರೆ ಅದಕ್ಕೇನೂ ಕೊರತೆಯಿಲ್ಲ.

ನಾನು ಆರಿಸಿದ ಕಿಟ್‌ನಲ್ಲಿ ಹಳೇ ಆಟೋ ಅಡ್ವಾನ್ಸ್ (ಇಂಜಿನ್ ವೇಗ ಹೆಚ್ಚಿದಂತೆ ಕಿಡಿಯನ್ನು ಬೇಗ ಹಾರಿಸುವ ತೂಕ-ಸ್ಪ್ರಿಂಗಿನ ಭಾಗ) ಹಾಗೇ ಉಳಿಯುತ್ತದೆ. ಕ್ಯಾಮ್ ಮೇಲೆ ಮ್ಯಾಗ್ನೆಟ್ ಇರುವ ಒಂದು ಬಳೆ, ಪಾಯಿಂಟ್ ಪ್ಲೇಟಿನ ಜಾಗದಲ್ಲಿ ಸೆನ್ಸರ್ ಪ್ಲೇಟ್, ಕಾಯಿಲ್‌ನ ಎರಡು ತುದಿಗೆ ಎರಡು ವೈರು. ಕಂಡೆನ್ಸರ್ ಬೇಕಿಲ್ಲ. ಹಳೇ ಅಡ್ವಾನ್ಸ್ ಉಳಿಯುವುದರಿಂದ ಅದರ ಆರೋಗ್ಯ ನೋಡಲೇಬೇಕು. ಪ್ಲೇಟ್ ಬಿಚ್ಚಿದಾಗ ಕ್ಯಾಮನ್ನು ಬೆರಳಲ್ಲಿ ತಿರುಗಿಸಿ ಬಿಟ್ಟರೆ ಟಕ್ಕನೆ ವಾಪಸ್ ಬರಬೇಕು. ನನ್ನದು ಒಣಗಿದ ಗ್ರೀಸಿನಲ್ಲಿ ಅಂಟಿಕೊಂಡು ಆಲಸ್ಯವಾಗಿ ಬರುತ್ತಿತ್ತು. ತೂಕದ ತುಂಡುಗಳನ್ನು ತೊಳೆದು, ಹೊಸ ಸ್ಪ್ರಿಂಗ್ ಹಾಕಿ, ತೆಳು ಎಣ್ಣೆ ಬಿಟ್ಟೆ.

ಟೈಮಿಂಗ್ ಇಡುವುದು ನನಗೆ ತುಂಬಾ ಇಷ್ಟವಾದ ಕೆಲಸ. ಪಾಯಿಂಟ್ ಇದ್ದ ಕಾಲದಲ್ಲಿ ಹೀಗೆ ಮಾಡುತ್ತಿದ್ದೆ: ಪ್ಲಗ್ ತೆಗೆದು, ಆ ತೂತಿನಿಂದ ಸೈಕಲ್ಲಿನ ಕಡ್ಡಿ ಇಳಿಸಿ, ಎರಡೂ ವಾಲ್ವ್ ಮುಚ್ಚಿರುವ ಕಂಪ್ರೆಷನ್ ಹೊಡೆತದಲ್ಲಿ ಪಿಸ್ಟನ್ ತೀರ ಮೇಲೆ ಬರುವ ಜಾಗ ಹುಡುಕಬೇಕು. ಅಲ್ಲಿಂದ ಇಂಜಿನ್ನನ್ನು ಹಿಂದಕ್ಕೆ ಜಾಸ್ತಿಯೇ ತಿರುಗಿಸಿ, ಮತ್ತೆ ನಿಧಾನಕ್ಕೆ ಮುಂದೆ ತಂದು, ಮೇಲಿನ ತುದಿಗೆ 0.8 ಮಿಲಿಮೀಟರ್ ಬಾಕಿ ಇರುವಲ್ಲಿ ನಿಲ್ಲಿಸಬೇಕು. ಗೇರುಗಳ ಸಡಿಲ ಒಂದೇ ಕಡೆಗೆ ಇರಲಿ ಅಂತ ಹೀಗೆ. ಕೀ ಆನ್ ಮಾಡಿದರೆ ಹೆಡ್‌ಲೈಟ್ ಮೇಲಿನ ಆಂಪಿಯರ್ ಮೀಟರಿನ ಮುಳ್ಳು ಮೈನಸ್ ಕಡೆ ವಾಲಿರುತ್ತದೆ. ಪ್ಲೇಟನ್ನು ಕೂದಲೆಳೆಯಷ್ಟು ಸರಿಸುತ್ತಾ ಹೋದರೆ ಒಂದು ಜಾಗದಲ್ಲಿ ಮುಳ್ಳು ಚಕ್ಕನೆ ನಡುವಿಗೆ ಬರುತ್ತದೆ. ಪಾಯಿಂಟ್ ತೆರೆದ ಕ್ಷಣ ಅದು. ಅಲ್ಲೇ ಸ್ಕ್ರೂ ಬಿಗಿ.

ಹೊಸ ಸೆನ್ಸರ್‌ನಲ್ಲೂ ಅದೇ 0.8, ಆದರೆ ಮುಳ್ಳಿನ ಬದಲು ಪ್ಲೇಟಿನ ಮೇಲಿನ ಸಣ್ಣ ದೀಪ ಹೇಳುತ್ತದೆ. ಈ ಕಿಟ್ ಇಂಜಿನ್ ತಿರುಗದಿದ್ದಾಗ ಕಾಯಿಲ್‌ನ ಕರೆಂಟನ್ನು ತಾನೇ ನಿಲ್ಲಿಸುತ್ತದೆ. ಕಾಯಿಲ್ ಉಳಿಯಲು ಒಳ್ಳೆಯದು. ಆದರೆ ಕಿಕ್ ಹೊಡೆಯುವ ಮುನ್ನ ಮುಳ್ಳು ನೋಡಿ, ಡಿಕಂಪ್ರೆಷರ್ (ಸಿಲಿಂಡರಿನ ಒತ್ತಡ ಬಿಡುವ ಲಿವರ್) ಒತ್ತಿ, ಪಿಸ್ಟನ್ನನ್ನು ತುದಿ ದಾಟಿಸುವ ಹಳೇ ಬುಲೆಟ್ ಪದ್ಧತಿ ಈಗ ನಡೆಯುವುದಿಲ್ಲ. ಕಾಲಿಗೆ ಸಿಗುವ ಬಿಗಿಯನ್ನೇ ನಂಬಬೇಕು. ನನಗೆ ಆ ಮುಳ್ಳಿನ ಆಟ ಇಲ್ಲದಿರುವುದು ನಿಜವಾಗಿಯೂ ಬೇಸರ.

ಎಲೆಕ್ಟ್ರಾನಿಕ್ ಹಾಕುವವರು ಕೆಲವು ವಿಷಯ ಸಡಿಲ ಬಿಡಬಾರದು. ಕಾಯಿಲ್ 3 ಓಮ್‌ಗಿಂತ ಕಡಿಮೆ ಇದ್ದರೆ ಕಿಟ್ಟಿನವರು ಎಷ್ಟು ಹೇಳಿದ್ದಾರೆ ಅಂತ ನೋಡಿಯೇ ಹಾಕಬೇಕು. ಹಳೇ ಬ್ರಿಟಿಷ್ ಗಾಡಿಗಳಲ್ಲಿ ಪಾಸಿಟಿವ್ ಅರ್ಥ್ (ಬ್ಯಾಟರಿಯ ಪಾಸಿಟಿವ್ ತುದಿಯೇ ಫ್ರೇಮಿಗೆ) ಇರುವುದುಂಟು, ವೈರು ತಿರುಗುಮುರುಗಾದರೆ ಕಿಟ್ಟಿನ ಎಲೆಕ್ಟ್ರಾನಿಕ್ ಮಾಡ್ಯೂಲ್ ಕ್ಷಣದಲ್ಲಿ ಸುಡುತ್ತದೆ. 5 ಕಿಲೋ ಓಮ್ ರೆಸಿಸ್ಟರ್ ಇರುವ ಪ್ಲಗ್ ಕ್ಯಾಪ್ ಹಾಕಿ. ಇಲ್ಲದಿದ್ದರೆ ಕಿಡಿಯ ಗದ್ದಲವೇ ಸೆನ್ಸರ್‌ನ ದಾರಿ ತಪ್ಪಿಸಬಹುದು. ಕಿಡಿ ಪರೀಕ್ಷಿಸುವಾಗ ಪ್ಲಗ್ಗಿನ ಮೈ ಇಂಜಿನ್ನಿಗೆ ತಾಗಿರಲೇಬೇಕು, ವೈರನ್ನು ಗಾಳಿಯಲ್ಲಿ ಬಿಟ್ಟು ಕಿಕ್ ಹೊಡೆದರೆ ಮಾಡ್ಯೂಲ್ ಹೋಗುತ್ತದೆ. ಮತ್ತೆ, ಬ್ಯಾಟರಿ ಸೊರಗಿದ್ದರೆ ಪಾಯಿಂಟ್ ಹೇಗೋ ಒಂದು ಕಿಡಿ ಕೊಟ್ಟೀತು. ಎಲೆಕ್ಟ್ರಾನಿಕ್ ಒಂದು ಮಟ್ಟದ ಕೆಳಗೆ ಕೆಲಸ ಮಾಡುವುದೇ ಇಲ್ಲ. ಮೊದಲು ವೋಲ್ಟೇಜ್ ಸರಿಮಾಡಿ ಅಂತ ನಾನು ಹೇಳುವುದು ಇದಕ್ಕೇ.

ಈಗ ಐಡ್ಲಿಂಗ್ ಹಿಂದಿಗಿಂತ ಕಡಿಮೆಯಲ್ಲೂ ಅಲುಗಾಡದೆ ನಿಲ್ಲುತ್ತದೆ. ಏರಿನಲ್ಲಿ ಟಾಪ್ ಗೇರಿನಲ್ಲೇ ಎಳೆಯುತ್ತದೆ. ಟಾಪ್ ಸ್ಪೀಡ್ ಒಂದಿಷ್ಟೂ ಹೆಚ್ಚಿಲ್ಲ, ಹೆಚ್ಚುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಕಾಲು ಥ್ರಾಟಲ್‌ನಲ್ಲಿ ಒಂದು ಸಣ್ಣ ತಡವರಿಕೆ ಮಾತ್ರ ಉಳಿದಿತ್ತು. ಕಿಡಿಯ ಕಡೆ ಎಲ್ಲವನ್ನೂ ಅಳೆದು ಮುಗಿಸಿದ್ದರಿಂದ ಅದನ್ನು ಕಾರ್ಬುರೇಟರಿನಲ್ಲೇ ಹುಡುಕಬೇಕು ಅಂತ ಗೊತ್ತಿತ್ತು. ಸೂಜಿಯ ಕ್ಲಿಪ್ಪನ್ನು ಒಂದು ಗೀರು ಕೆಳಗಿಳಿಸಿದೆ, ಹೋಯಿತು.