ಮದುವೆ ಆಗದೆ ಜೊತೆಗಿರೋರ ಹಕ್ಕಿನ ಬಗ್ಗೆ ಹಾಡು, ಬೀದಿನಾಟಕ ಕಟ್ಟೋದು ಹೇಗೆ

ನಮ್ದು ಏಳು ಜನರ ಸಣ್ಣ ತಂಡ, ಇಬ್ರು ಹಾಡ್ತಾರೆ, ಒಬ್ರು ತಮಟೆ, ಉಳಿದೋರು ನಾಟಕ. ಮದುವೆ ಆಗದೆ ಒಟ್ಟಿಗೆ ಬಾಳ್ತಿರೋ ಜೋಡಿಗಳಿಗೆ ಕಾನೂನಲ್ಲಿ ಏನಿದೆ, ಏನಿಲ್ಲ ಅನ್ನೋದನ್ನ ಹಾಡಲ್ಲಿ ನಾಟಕದಲ್ಲಿ ಹೇಳ್ಕೊಂಡು ತಿರುಗ್ತಿದೀವಿ. ನಾವೂ ಮಾಡ್ಬೇಕು ಹೆಂಗೆ ಅಂತ ಸುಮಾರು ಜನ ಕೇಳಿದ್ರಿ, ಅದಕ್ಕೇ ಇದು.

ಮೊದ್ಲು ಯಾರ ಕಥೆ ಹೇಳ್ತೀರಿ ಅನ್ನೋದನ್ನ ಸರಿ ಮಾಡ್ಕೊಳ್ಳಿ. ಲಿವ್-ಇನ್ ಅಂದ ತಕ್ಷಣ ಎಲ್ರ ಕಣ್ಮುಂದೆ ಬರೋದು ಫ್ಲಾಟಲ್ಲಿರೋ ಐಟಿ ಹುಡುಗ-ಹುಡುಗಿ, ಆದ್ರೆ ನಿಮ್ಮ ಬೀದೀಲೇ ಹತ್ತು ಹದಿನೈದು ವರ್ಷ ಒಬ್ಬನ ಜೊತೆ ಸಂಸಾರ ಮಾಡಿ, ಅವನ ಅಮ್ಮನ್ನ ನೋಡ್ಕೊಂಡು, ಇವತ್ತಿಗೂ "ಇಟ್ಕೊಂಡೋಳು" ಅಂತ ಕರೆಸ್ಕೊಳ್ಳೋ ಹೆಂಗಸು ಇರ್ತಾಳೆ. ಆ ಒಂದು ಪದದ ಮೇಲೇ ಒಂದು ದೃಶ್ಯ ಕಟ್ಬಹುದು, ನಾವು ಕಟ್ಟಿದೀವಿ. 2010ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಲ್ಲೇ "ಕೀಪ್" ಅನ್ನೋ ಪದ ಬಂದಿತ್ತು, ಆಗ ಅಡಿಷನಲ್ ಸಾಲಿಸಿಟರ್ ಜನರಲ್ ಆಗಿದ್ದ ಇಂದಿರಾ ಜೈಸಿಂಗ್ ಅವ್ರು ಕೋರ್ಟಲ್ಲೇ ಅದಕ್ಕೆ ಆಕ್ಷೇಪ ಎತ್ತಿದ್ರು. ಇದನ್ನ ಹೇಳಿದಾಗ ಹಿಂದೆ ನಿಂತಿರೋ ಹೆಂಗಸರು ಒಂದು ಹೆಜ್ಜೆ ಮುಂದೆ ಬರ್ತಾರೆ, ನಾನು ತುಂಬಾ ಸಲ ನೋಡಿದೀನಿ.

ಈಗ ಕಾನೂನು. ಇಲ್ಲಿ ಅವಸರ ಮಾಡ್ಬೇಡಿ. ನಮ್ಮ ಮೊದಲನೇ ಹಾಡಲ್ಲಿ "ಐದು ವರುಷ ಜೊತೆಗಿದ್ದರೆ ಹೆಂಡತಿಯೇ ಆದಂಗೆ" ಅಂತ ಒಂದು ಸಾಲಿತ್ತು, ಪ್ರಾಸ ಚೆನ್ನಾಗಿ ಕೂತಿತ್ತು, ಜನ ನಮ್ಮ ಜೊತೆ ಹಾಡಿದ್ರು ಕೂಡ. ಅದು ತಪ್ಪು. ಇಷ್ಟು ವರ್ಷ ಆದ್ರೆ ಹೆಂಡತಿ ಅಂತ ಯಾವ ಕಾನೂನೂ ಇಲ್ಲ. ತಿಂಗಳಾದ್ಮೇಲೆ ಒಬ್ರು ಅಕ್ಕ ಅದೇ ಸಾಲು ನಂಬ್ಕೊಂಡು ಬಂದು ನನಗೆ ಆರು ವರ್ಷ ಆಯ್ತಲ್ಲ ಅಂದಾಗ ನನ್ನ ಗಂಟಲು ಕಟ್ಟಿ ಹೋಯ್ತು. ಹಾಡು ತಪ್ಪಾದ್ರೆ ಜನ ತಪ್ಪನ್ನೇ ಬಾಯಿಪಾಠ ಮಾಡ್ಕೊಳ್ತಾರೆ, ಪಾಂಪ್ಲೆಟ್ ಆದ್ರೆ ಬಿಸಾಕ್ತಾರೆ, ಹಾಡನ್ನ ಬಿಸಾಕಲ್ಲ. ಅವತ್ತಿಂದ ಯಾವ ಸಾಲೂ ವಕೀಲರೊಬ್ರು ಓದದೆ ತಮಟೆಗೆ ಹೋಗಲ್ಲ.

ಸರಿ ಏನು ಅಂದ್ರೆ, 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ, ಜಾರಿಗೆ ಬಂದಿದ್ದು 2006 ಅಕ್ಟೋಬರ್ 26ಕ್ಕೆ, ಅದು "ಮದುವೆ ಸ್ವರೂಪದ ಸಂಬಂಧ"ದಲ್ಲಿರೋ ಹೆಣ್ಣಿಗೂ ರಕ್ಷಣೆ ಕೊಡುತ್ತೆ, ಹೊಡೆದ್ರೆ ಬಡಿದ್ರೆ ಮನೆಯಿಂದ ಹೊರಗೆ ಹಾಕಿದ್ರೆ ಮ್ಯಾಜಿಸ್ಟ್ರೇಟ್ ಹತ್ರ ಹೋಗ್ಬಹುದು, ವಾಸಕ್ಕೆ ಹಣಕ್ಕೆ ಆದೇಶ ಕೇಳ್ಬಹುದು. ಯಾವುದು ಮದುವೆ ಸ್ವರೂಪ ಅಂತ ಆ 2010ರ ತೀರ್ಪೇ ಹೇಳಿದೆ: ಸಮಾಜದ ಮುಂದೆ ಗಂಡ-ಹೆಂಡ್ತಿ ಥರ ಇರ್ಬೇಕು, ಮದುವೆ ವಯಸ್ಸಾಗಿರ್ಬೇಕು, ಬೇರೆ ಮದುವೆ ಆಗಿರ್ಬಾರ್ದು, ತಾವಾಗೇ ಒಪ್ಪಿ ಸಾಕಷ್ಟು ಕಾಲ ಒಟ್ಟಿಗೆ ಇದ್ದಿರ್ಬೇಕು. ಮೂರನೇದು ತುಂಬಾ ಮುಖ್ಯ. 2013ರಲ್ಲಿ ಬೆಂಗಳೂರಿನ ಒಂದು ಕೇಸು ಸುಪ್ರೀಂ ಕೋರ್ಟಿಗೆ ಹೋಗಿತ್ತು, ಅವನಿಗೆ ಮದುವೆ ಆಗಿದೆ ಅಂತ ಗೊತ್ತಿದ್ದೂ ಜೊತೆಗಿದ್ದ ಕಾರಣಕ್ಕೆ ಆಕೆಗೆ ಈ ಕಾಯ್ದೆ ಸಿಗಲಿಲ್ಲ, ಆದ್ರೆ ಇಂಥೋರಿಗೆ ಕಾನೂನು ತನ್ನಿ ಅಂತ ಕೋರ್ಟೇ ಸಂಸತ್ತಿಗೆ ಹೇಳ್ತು. ಆ ಕಾನೂನು ಇನ್ನೂ ಬಂದಿಲ್ಲ, ನಮ್ಮ ಹಾಡಿನ ಬೇಡಿಕೆ ಇರೋದೇ ಅಲ್ಲಿ. ಇಬ್ರು ಹುಡುಗರು ಅಥವಾ ಇಬ್ರು ಹುಡುಗೀರು ಜೋಡಿ ಆದ್ರಂತೂ, 2023 ಅಕ್ಟೋಬರ್ 17ರ ಸುಪ್ರೀಂ ಕೋರ್ಟ್ ತೀರ್ಪಲ್ಲಿ ಮದುವೆ ಹಕ್ಕು ಸಿಗಲಿಲ್ಲ, ಕಾನೂನಿನ ಪಾಲಿಗೆ ಅವರು ಎಷ್ಟು ವರ್ಷ ಒಟ್ಟಿಗಿದ್ರೂ ಮದುವೆ ಆಗದೋರೇ. ಅವರನ್ನ ಬಿಟ್ಟು ಈ ಕಾರ್ಯಕ್ರಮ ಮಾಡ್ಬೇಡಿ.

ರೂಪ ಯಾವುದು ಅಂತ ಕೇಳಿದ್ರೆ ನಾನು ಹೇಳೋದು ಗೀಗೀ ಪದ, ಎರಡು ಪಕ್ಷದೋರು ಹಾಡಲ್ಲೇ ವಾದ ಮಾಡೋ ಜನಪದ ರೂಪ. ಉತ್ತರ ಕರ್ನಾಟಕದೋರಿಗೆ ಹೇಳ್ಬೇಕಾಗಿಲ್ಲ, ಹರದೇಶಿ ಗಂಡು ಹೆಚ್ಚು ಅಂತಾನೆ, ನಾಗೇಶಿ ಹೆಣ್ಣು ಹೆಚ್ಚು ಅಂತಾಳೆ, ಸವಾಲ್-ಜವಾಬ್ ರಾತ್ರಿಯೆಲ್ಲ ನಡೆಯುತ್ತೆ. ಸಮಾನತೆ ಬಗ್ಗೆ ವಾದ ಮಾಡೋಕೆ ಇದಕ್ಕಿಂತ ಒಳ್ಳೆ ಅಚ್ಚು ನಮ್ಮಲ್ಲಿ ಇನ್ಯಾವುದಿದೆ? ಹರದೇಶಿ ಬಾಯಲ್ಲಿ "ತಾಳಿ ಎಲ್ಲೈತಿ, ಪುರಾವೆ ಎಲ್ಲೈತಿ" ಅಂತ ಕೇಳಿಸಿ, ನಾಗೇಶಿ ಒಂದೊಂದಾಗಿ ತೆಗೀಲಿ, ಒಂದೇ ವಿಳಾಸದ ಬಾಡಿಗೆ ಕರಾರು, ಗ್ಯಾಸ್ ಬುಕ್ಕು, ಆಸ್ಪತ್ರೆ ಬಿಲ್ಲು, ಮಗುವಿನ ಸ್ಕೂಲ್ ಅರ್ಜಿ. ಜನ ನಗ್ತಾ ನಗ್ತಾ ಯಾವ ಕಾಗದ ಇಟ್ಕೋಬೇಕು ಅನ್ನೋದನ್ನ ಕಲೀತಾರೆ. ಡಪ್ಪು, ತುಂತುಣಿ ಇದ್ರೆ ಸಾಕು. ಸಿನಿಮಾ ಹಾಡಿನ ಟ್ಯೂನ್ ಬೇಡ, ಲೈಸೆನ್ಸ್ ತಾಪತ್ರಯ.

ಇಂಥ ವಿಷಯಕ್ಕೆ ಕಲಾವಿದರು ಯಾಕೆ ಅನ್ನೋರಿಗೆ ಎರಡು ಉದಾಹರಣೆ ಕೊಡಿ. ನಟಿ ಖುಷ್ಬೂ 2005ರಲ್ಲಿ ಮದುವೆಗೆ ಮುಂಚಿನ ಸಂಬಂಧದ ಬಗ್ಗೆ ಒಂದು ಮಾತಾಡಿದ್ದಕ್ಕೆ ಅವರ ಮೇಲೆ 23 ಕ್ರಿಮಿನಲ್ ದೂರು ಬಿದ್ವು, ಐದು ವರ್ಷ ಅಲೆದು 2010ರಲ್ಲಿ ಸುಪ್ರೀಂ ಕೋರ್ಟಲ್ಲಿ ಎಲ್ಲಾ ರದ್ದಾದ್ವು, ವಯಸ್ಕರು ಒಪ್ಪಿ ಒಟ್ಟಿಗೆ ಇರೋದು ಅಪರಾಧ ಅಲ್ಲ ಅನ್ನೋದು ಮತ್ತೆ ಗಟ್ಟಿ ಆಯ್ತು. ಇನ್ನೊಂದು ನವತೇಜ್ ಜೋಹರ್, ವಯಸ್ಕರ ಸಲಿಂಗ ಸಂಬಂಧ ಅಪರಾಧ ಅಲ್ಲ ಅಂದ 2018ರ ಸೆಪ್ಟೆಂಬರ್ 6ರ 377ನೇ ಸೆಕ್ಷನ್ ತೀರ್ಪು ಇವತ್ತಿಗೂ ಅವರ ಹೆಸರಲ್ಲೇ ಇದೆ, ಅವರು ಭರತನಾಟ್ಯ ಕಲಾವಿದರು.

ಜಾಗ, ಪರ್ಮಿಷನ್ನು. ಮೈಕ್ ಹಾಕೋದಾದ್ರೆ ಸ್ಟೇಷನ್ನಿಂದ ಕಾಗದ ತಗೊಳ್ಳಿ, ರಾತ್ರಿ 10ರ ಮೇಲೆ ಮೈಕ್ ಇಲ್ಲ. ಬೆಂಗಳೂರಲ್ಲಿ 2021ರ ಆದೇಶ ಆದ್ಮೇಲೆ ಪ್ರತಿಭಟನೆ ಅಂದ್ರೆ ಫ್ರೀಡಂ ಪಾರ್ಕ್ ಮಾತ್ರ, ಹಾಗಾಗಿ ಅರ್ಜೀಲಿ ಸಾಂಸ್ಕೃತಿಕ ಕಾರ್ಯಕ್ರಮ ಅಂತ ಬರೀರಿ, ಬರೆದಂಗೇ ಮಾಡಿ, ಘೋಷಣೆ ಕೂಗ್ಬೇಡಿ. ಯಾವುದೇ ದೇವರು ಜಾತಿ ಎಳೆದು ತರ್ಬೇಡಿ, ಒಂದು ಸಾಲಿಗೋಸ್ಕರ ಕೇಸು ಬೀಳುತ್ತೆ, ಹೇಳಬೇಕಾದ ಮಾತು ಅಲ್ಲೇ ಸತ್ತೋಗುತ್ತೆ. ಜೋಡಿಗಳ ನಿಜವಾದ ಹೆಸರು, ಊರು, ಫೋಟೋ ಯಾವ್ದೂ ಹಾಕ್ಬೇಡಿ, ಅವರು ಒಪ್ಪಿದ್ರೂ ಸಹ, ಮನೆ ಓನರ್ ನೋಡಿದ್ರೆ ನಾಳೆ ಸಾಮಾನು ಬೀದೀಲಿ ಇರುತ್ತೆ. ವಿಡಿಯೋ ಮಾಡೋದಾದ್ರೆ ತಂಡದ ಮೇಲೆ ಇಡಿ, ಪ್ರೇಕ್ಷಕರ ಮುಖ ಬೇಡ.

ನಾಟಕ ಮುಗಿದ್ಮೇಲಿನ ಅರ್ಧ ಗಂಟೆ ನನ್ನ ಪ್ರಕಾರ ನಾಟಕಕ್ಕಿಂತ ದೊಡ್ದು. ಒಂದು ಚಾಪೆ ಹಾಸಿ, ಒಬ್ರು ವಕೀಲರನ್ನ ಕೂರ್ಸಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಮೊದ್ಲೇ ಪತ್ರ ಬರೆದು ಕೇಳಿ. ಹೆಣ್ಮಕ್ಕಳಿಗೆ ಆದಾಯ ಎಷ್ಟಿದ್ರೂ ಉಚಿತ ಕಾನೂನು ನೆರವು ಇದೆ, ಇದು ಎಷ್ಟು ಜನಕ್ಕೆ ಗೊತ್ತಿಲ್ಲ ಅಂದ್ರೆ ನನಗೆ ಹೊಟ್ಟೆ ಉರಿಯುತ್ತೆ. ಕಾನೂನು ನೆರವಿಗೆ 15100, ಮತ್ತೆ ಮಹಿಳಾ ಸಹಾಯವಾಣಿ 181, ಈ ಎರಡು ನಂಬರನ್ನ ಕೊನೇ ಹಾಡಿನ ಪಲ್ಲವಿ ಮಾಡಿ, ಮೂರು ಸಲ ಹಾಡ್ಸಿ.

ಒಂದು ಸಂಜೆ ಗಾರ್ಮೆಂಟ್ಸ್ ಫ್ಯಾಕ್ಟರಿ ಬಿಡೋ ಹೊತ್ತಿಗೆ ಆಡಿದ್ವಿ. ಮುಗಿದ್ಮೇಲೆ ಟಿಫನ್ ಬ್ಯಾಗ್ ಹಿಡ್ಕೊಂಡು ಒಬ್ರು ಅಕ್ಕ ಚಾಪೆ ತುದೀಲಿ ಕೂತ್ರು, ಮಾತಾಡಲಿಲ್ಲ, ಬೇರೆಯೋರೆಲ್ಲ ಹೋಗ್ಲಿ ಅಂತ ಕಾಯ್ತಿದ್ರು. ಆಮೇಲೆ ಮೆಲ್ಲಗೆ, "ಅವ್ರು ಆಟೋ ಓಡಿಸ್ತಾರೆ ಕಣಮ್ಮ, ಒಳ್ಳೇರೇ. ಏನಾರ ಆದ್ರೆ ಅವ್ರ ಬ್ಯಾಂಕಲ್ಲಿರೋ ದುಡ್ಡು ಅವ್ರ ಅಣ್ಣಂದಿರು ತಗೊಂಡೋಗ್ತಾರಾ?" ಅಂದ್ರು. ಜಗಳ ಇಲ್ಲ, ಹೊಡೆತ ಇಲ್ಲ, ಬರೀ ಈ ಒಂದು ಭಯ. ಬ್ಯಾಂಕ್ ನಾಮಿನಿ ಯಾರನ್ನ ಬೇಕಾದ್ರೂ ಮಾಡ್ಬಹುದು, ಮದುವೆ ಬೇಕಿಲ್ಲ. ಆದ್ರೆ ನಾಮಿನಿ ಅಂದ್ರೆ ದುಡ್ಡು ಕೈಗೆ ಬರುತ್ತೆ ಅಷ್ಟೇ, ವಾರಸುದಾರರು ಆಮೇಲೆ ಕೇಳ್ಬಹುದು, ಅದಕ್ಕೇ ವಿಲ್ಲೂ ಬರೆಸ್ಬೇಕು, ಇಬ್ರು ಸಾಕ್ಷಿ ಸಾಕು, ರಿಜಿಸ್ಟರ್ ಕಡ್ಡಾಯ ಅಲ್ಲ, ಆದ್ರೆ ಆಸ್ತಿ ಸಿಗೋ ವ್ಯಕ್ತಿನೇ ಸಾಕ್ಷಿ ಸಹಿ ಹಾಕ್ಬಾರ್ದು. ವಕೀಲರು ಇದನ್ನ ಎರಡು ಸಲ ಹೇಳಿದ್ರು, ಅಕ್ಕ ಬೆರಳಲ್ಲಿ ಎಣಿಸ್ಕೊಂಡ್ರು.

ಅವತ್ತು ನಮ್ಮ ಹತ್ರ ನಾಮಿನಿ ಫಾರ್ಮಿನ ಹತ್ತು ಜೆರಾಕ್ಸ್ ಇದ್ವು, ಡಿಎ-1 ಅಂತಾರೆ ಅದಕ್ಕೆ. ಅಕ್ಕ ಒಂದು ತಗೊಂಡು ಎದ್ದೋರು ತಿರುಗಿ ಬಂದು, ನಮ್ಮ ಲೈನಲ್ಲಿ ಇನ್ನೂ ನಾಕು ಜನ ಇದಾರೆ ಅಂತ ನಾಕು ಇಸ್ಕೊಂಡು ಹೋದ್ರು. ಈಗ ತಮಟೆ ಚೀಲದ ಜೊತೆ ಐವತ್ತು ಒಯ್ತೀವಿ, ನೀವೂ ಒಯ್ರಿ.