ವಾರ್ಡಿನ ರಸ್ತೆಯ ಲೆಕ್ಕ ಕೇಳುವುದು ಹೇಗೆ?

ಕೇರಳದ ಕನ್ನಡ ಗಡಿನಾಡಿನಲ್ಲಿ ಪಂಚಾಯತಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕುವವರು ಮೊದಲು ನೆನಪಿಡಬೇಕಾದ್ದು ಇಷ್ಟೇ: ಕಾರಣ ಕೇಳಬೇಡಿ, ಕಾಗದ ಕೇಳಿ. ‘ನಮ್ಮ ಕಾಂಕ್ರೀಟ್ ರಸ್ತೆ ಒಂದೇ ಮಳೆಗಾಲಕ್ಕೆ ಯಾಕೆ ಕಿತ್ತುಹೋಯಿತು?’ ಎಂದು ಬರೆದರೆ ‘ಈ ಬಗ್ಗೆ ಕಡತದಲ್ಲಿ ಮಾಹಿತಿ ಇಲ್ಲ’ ಎಂಬ ಒಂದು ಸಾಲಿನ ಉತ್ತರ ಬರುತ್ತದೆ. ಅದನ್ನು ತಪ್ಪೆನ್ನಲೂ ಆಗದು. 2005ರ ಕಾಯ್ದೆಯಡಿ ಸಿಗುವುದು ಕಚೇರಿಯಲ್ಲಿ ಈಗಾಗಲೇ ಇರುವ ದಾಖಲೆ ಮಾತ್ರ, ಹೊಸದಾಗಿ ವಿವರಣೆ ಬರೆದುಕೊಡುವ ಹೊಣೆ ಅಧಿಕಾರಿಗಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಅದೇ ರಸ್ತೆಯ ಅಳತೆ ಪುಸ್ತಕದ ಪ್ರತಿ ಕೇಳಿ ನೋಡಿ. ಬಿಲ್ಲು ಪಾಸಾಗಿದೆ ಎಂದಮೇಲೆ ಅಳತೆ ಬರೆದಿರಲೇಬೇಕು.

ಯಾವ ಕಾಗದ ಕೇಳಬೇಕು?

ಒಂದು ರಸ್ತೆಗೆ ನಾಲ್ಕು ಸಾಕು: ಎಸ್ಟಿಮೇಟ್, ಗುತ್ತಿಗೆದಾರರ ಜತೆಗಿನ ಕರಾರು, ಓವರ್‌ಸಿಯರರು ‘ಎಂ ಬುಕ್’ ಎನ್ನುವ ಅಳತೆ ಪುಸ್ತಕದ ಪುಟಗಳು, ಪಾವತಿಯಾದ ಬಿಲ್ಲು. ಏನು ಮಾಡಬೇಕಿತ್ತು ಎಂಬುದು ಎಸ್ಟಿಮೇಟಿನಲ್ಲಿರುತ್ತದೆ, ಏನು ಮಾಡಿದ್ದಾರೆಂದು ಬರೆದುಕೊಂಡಿದ್ದಾರೆ ಎಂಬುದು ಎಂ ಬುಕ್ಕಿನಲ್ಲಿ. ಇವೆರಡರ ಅಂತರದಲ್ಲೇ ನಿಮ್ಮ ಕೆಲಸ. ಕರಾರನ್ನು ಮರೆಯಬೇಡಿ. ರಸ್ತೆ ಹಾಳಾದರೆ ಎಷ್ಟು ಕಾಲದವರೆಗೆ ಗುತ್ತಿಗೆದಾರರೇ ಸ್ವಂತ ಖರ್ಚಿನಲ್ಲಿ ಸರಿಪಡಿಸಬೇಕು ಎಂಬ ಷರತ್ತು ಅದರಲ್ಲಿರುತ್ತದೆ. ಆ ಅವಧಿ ಮುಗಿಯುವ ಮೊದಲೇ ಅರ್ಜಿ ಹೋಗಬೇಕು.

ಕಾಮಗಾರಿಯ ಹೆಸರು, ವಾರ್ಡು, ಆರ್ಥಿಕ ವರ್ಷ, ಯೋಜನಾ ಸಂಖ್ಯೆ ಬರೆಯಿರಿ. ಸಂಖ್ಯೆ ಗೊತ್ತಿಲ್ಲದಿದ್ದರೆ ಕೇರಳದ ಸ್ಥಳೀಯ ಸಂಸ್ಥೆಗಳ ಯೋಜನೆಗಳನ್ನು ದಾಖಲಿಸುವ ‘ಸುಲೇಖ’ ತಂತ್ರಾಂಶದಲ್ಲಿ ಹುಡುಕಬಹುದು. ‘ಕಳೆದ ಹತ್ತು ವರ್ಷಗಳ ಎಲ್ಲ ರಸ್ತೆಗಳ ವಿವರ’ ಎಂದು ಕೇಳಿದರೆ, ಅಷ್ಟು ಕಡತ ತೆಗೆಯಲು ಸಿಬ್ಬಂದಿ ಇಲ್ಲ ಎಂದು 7(9)ನೇ ಕಲಂ ತೋರಿಸಿ ಸಾಗಹಾಕುತ್ತಾರೆ. ಅರ್ಜಿಗೊಂದೇ ರಸ್ತೆ ಇರಲಿ.

ಹತ್ತು ರೂಪಾಯಿಯ ಸ್ಟ್ಯಾಂಪು

ಕೇರಳದಲ್ಲಿ ಅರ್ಜಿ ಶುಲ್ಕ 10 ರೂಪಾಯಿ. ಅರ್ಜಿಯ ಮೇಲೆ ಕೋರ್ಟ್ ಫೀ ಸ್ಟ್ಯಾಂಪು ಅಂಟಿಸುವುದು ಎಲ್ಲಕ್ಕಿಂತ ಸುಲಭ. ಕಚೇರಿಯಲ್ಲಿ ನಗದು ಕಟ್ಟಿ ರಸೀದಿ ಪಡೆಯಲೂಬಹುದು. ಗಡಿನಾಡಿನಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ಮಂಗಳೂರಿನ ನೆಂಟರು ಹೇಳಿದರೆಂದು ಪೋಸ್ಟಲ್ ಆರ್ಡರ್ ಲಗತ್ತಿಸುತ್ತಾರೆ. ಕರ್ನಾಟಕದಲ್ಲಿ ಅದು ನಡೆಯುತ್ತದೆ, ಕೇರಳದ ಶುಲ್ಕ ನಿಯಮದಲ್ಲಿ ಪೋಸ್ಟಲ್ ಆರ್ಡರ್ ಇಲ್ಲ. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ, ಅದರ ದಾಖಲೆ ಮಾತ್ರ ಜತೆಗಿಡಬೇಕು.

ಕ್ಲಬ್ಬಿನ ಲೆಟರ್‌ಹೆಡ್ಡಿನಲ್ಲಿ ಬರೆಯಬೇಡಿ. ಹಕ್ಕಿರುವುದು ನಾಗರಿಕನಿಗೆ, ಒಬ್ಬರ ಹೆಸರು, ವಿಳಾಸ, ಸಹಿ ಇರಲಿ. ಯಾಕೆ ಬೇಕು ಎಂದು ಯಾರಾದರೂ ಕೇಳಿದರೆ ಹೇಳಬೇಕಾಗಿಲ್ಲ, 6(2)ನೇ ಕಲಂ ಅದನ್ನು ಸ್ಪಷ್ಟವಾಗಿಯೇ ಹೇಳುತ್ತದೆ. ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಕು ಹಾಕಿಸದೆ ಕಚೇರಿಯಿಂದ ಇಳಿಯಬೇಡಿ.

ಕನ್ನಡದಲ್ಲೇ ಬರೆಯಬಹುದೇ?

ಬರೆಯಬಹುದು, ಬರೆಯಬೇಕು ಕೂಡ. ಮಾಹಿತಿ ಹಕ್ಕು ಕಾಯ್ದೆ ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆ ಎನ್ನುತ್ತದೆ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಇಲ್ಲಿನ ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದ ಜತೆ ಕನ್ನಡದಲ್ಲೇ ಪತ್ರವ್ಯವಹಾರ ಮಾಡುವ, ಕನ್ನಡದಲ್ಲೇ ಉತ್ತರ ಪಡೆಯುವ ಅವಕಾಶ ಕೊಟ್ಟಿದೆ. ಆದರೆ ಕನ್ನಡ ಬಾರದ ಸಿಬ್ಬಂದಿಯ ಮೇಜಿನಲ್ಲಿ ಅರ್ಜಿ ಕೊಳೆಯಬಾರದಲ್ಲ. ಮೇಲೆ ಕನ್ನಡದಲ್ಲಿ ಬರೆದು, ಕೆಳಗೆ ಕಾಗದಗಳ ಪಟ್ಟಿಯನ್ನಷ್ಟೇ ಇಂಗ್ಲಿಷಿನಲ್ಲಿ ಮತ್ತೆ ಕೊಡಿ. ‘ಉತ್ತರ ಕನ್ನಡದಲ್ಲಿ ಬೇಕು’ ಎಂಬ ಸಾಲನ್ನು ಬಿಡಬೇಡಿ. ದಾಖಲೆಗಳು ಇದ್ದ ಭಾಷೆಯಲ್ಲೇ ಸಿಗುತ್ತವೆ. ಮಲಯಾಳದ ‘ವಿವರಾವಕಾಶ’ ಎಂದರೆ ಮಾಹಿತಿ ಹಕ್ಕು, ‘ಅಡಂಗಲ್ ತುಕ’ ಎಂದರೆ ಅಂದಾಜು ಮೊತ್ತ, ‘ಕರಾರುಗಾರನ್’ ಎಂದರೆ ಗುತ್ತಿಗೆದಾರ ಎಂದು ತಿಳಿದಿದ್ದರೆ ಅರ್ಧ ಓದಿದಂತೆಯೇ.

ಟೇಪು ಹಿಡಿದು ರಸ್ತೆಗೆ

ಎಂ ಬುಕ್ಕಿನ ಸಾಲಿನಲ್ಲಿ ಉದ್ದ, ಅಗಲ, ದಪ್ಪ, ಒಟ್ಟು ಪ್ರಮಾಣ ಇರುತ್ತವೆ. ಉದಾಹರಣೆಗೆ 80 ಮೀಟರ್ ಉದ್ದ, 3 ಮೀಟರ್ ಅಗಲ, 0.15 ಮೀಟರ್ ದಪ್ಪ: 36 ಘನ ಮೀಟರ್ ಕಾಂಕ್ರೀಟು. ಉದ್ದ, ಅಗಲ ಎಲ್ಲರ ಕಣ್ಣಿಗೂ ಕಾಣುತ್ತವೆ, ಅಲ್ಲಿ ಮೋಸ ನಡೆಯುವುದು ಕಷ್ಟ. ದಪ್ಪ ಮಣ್ಣಿನೊಳಗೆ ಅಡಗಿರುತ್ತದೆ. 15 ಸೆಂಟಿಮೀಟರ್ ಎಂದು ಬರೆದು 12 ಹಾಕಿದ್ದರೆ ಪ್ರಮಾಣ 28.8ಕ್ಕೆ ಇಳಿಯುತ್ತದೆ, 7.2 ಘನ ಮೀಟರಿನ ಹಣ ಹಾಕದ ಕಾಂಕ್ರೀಟಿಗೆ ಹೋಗಿರುತ್ತದೆ.

ಅಂಚಿನ ಮಣ್ಣು ಸರಿಸಿ ಎರಡೂ ಬದಿ ಸೇರಿ ಇಪ್ಪತ್ತು ಕಡೆ ಅಳೆಯಿರಿ, ಪ್ರತಿ ಅಳತೆಯನ್ನೂ ಬರೆದಿಡಿ, ಟೇಪು ಕಾಣುವಂತೆ ಫೋಟೊ ತೆಗೆಯಿರಿ. ಒಂದು ಕಡೆ ಕಡಿಮೆ ಕಂಡಿತೆಂದು ಕೂಗಾಡಿದರೆ ಬಿದ್ದುಹೋಗುತ್ತೀರಿ. ತಳದ ನೆಲ ಏರುತಗ್ಗಾಗಿರುವುದರಿಂದ ದಪ್ಪ ಅಲ್ಲಲ್ಲಿ ಬದಲಾಗುತ್ತದೆ, ಸರಾಸರಿಯೇ ಲೆಕ್ಕ. ಅಡಿಯ ಜಲ್ಲಿ ಪದರಕ್ಕೆ ಎಸ್ಟಿಮೇಟಿನಲ್ಲಿ ಬೇರೆಯೇ ಸಾಲಿರುತ್ತದೆ, ಅದನ್ನು ಕಾಂಕ್ರೀಟಿನ ದಪ್ಪಕ್ಕೆ ಸೇರಿಸಬೇಡಿ. ಸಂಶಯ ಬಲವಾದರೆ ಇನ್ನೊಂದು ದಾರಿ ಇದೆ: ಕಾಯ್ದೆಯ 2(ಜೆ) ಕಲಂ ಕಾಮಗಾರಿಯ ಪರಿಶೀಲನೆಗೂ, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯಲೂ ಹಕ್ಕು ಕೊಡುತ್ತದೆ. ಇದನ್ನು ಬಳಸುವವರು ಬಹಳ ಕಡಿಮೆ.

ದಿನಗಳ ಲೆಕ್ಕ

ಅರ್ಜಿ ಕಚೇರಿಗೆ ತಲುಪಿ 30 ದಿನದೊಳಗೆ ಉತ್ತರ ಬರಬೇಕು. ‘ಪ್ರತಿಗಳಿಗೆ ಇಷ್ಟು ಹಣ ಕಟ್ಟಿ’ ಎಂಬ ಪತ್ರ ಬಂದರೆ ಕೂಡಲೇ ಕಟ್ಟಿಬಿಡಿ. ಆ ಪತ್ರ ಹೊರಟಂದಿನಿಂದ ನೀವು ಕಟ್ಟುವವರೆಗಿನ ದಿನಗಳು 30ರ ಲೆಕ್ಕಕ್ಕೆ ಬರುವುದಿಲ್ಲ. 30 ದಿನ ದಾಟಿದರೆ ಪ್ರತಿಗಳನ್ನು ಉಚಿತವಾಗಿಯೇ ಕೊಡಬೇಕು.

ಉತ್ತರ ಬಾರದಿದ್ದರೆ ಅಥವಾ ಅರ್ಧಂಬರ್ಧ ಬಂದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಯಾರಿಗೆ ಎಂಬುದು ಉತ್ತರದಲ್ಲೇ ಇರಬೇಕು; ಉತ್ತರವೇ ಇಲ್ಲದಿದ್ದರೆ ಕಚೇರಿಯ ಫಲಕ ನೋಡಿ. ಅದರ ತೀರ್ಮಾನಕ್ಕೆ 30 ದಿನ, ಕಾರಣ ಬರೆದರೆ 45. ಅಲ್ಲೂ ಸಿಗದಿದ್ದರೆ 90 ದಿನದೊಳಗೆ ತಿರುವನಂತಪುರದ ರಾಜ್ಯ ಮಾಹಿತಿ ಆಯೋಗ. ಸಕಾರಣವಿಲ್ಲದೆ ತಡಮಾಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ ಹಾಕುವ ಅಧಿಕಾರ ಆಯೋಗಕ್ಕಿದೆ.

ಕಾಗದ ಗ್ರಾಮಸಭೆಗೆ ಬರಲಿ

ಪ್ರತಿಗಳನ್ನು ವಾಟ್ಸ್ಆ್ಯಪ್‌ನಲ್ಲಿ ಹಂಚಿ ಸುಮ್ಮನಾಗಬೇಡಿ. ಕೇರಳದಲ್ಲಿ ಪ್ರತಿ ವಾರ್ಡಿಗೂ ಗ್ರಾಮಸಭೆ ಇದೆ, ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು, ಕರೆಯುವ ಹೊಣೆ ವಾರ್ಡು ಮೆಂಬರರದ್ದು. ಕೋರಂ, ಎಂದರೆ ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿ, ಮತದಾರರ ಹತ್ತನೇ ಒಂದು. ಅಷ್ಟೇ ಮಂದಿ ವಿಷಯ ಸೂಚಿಸಿ ಲಿಖಿತವಾಗಿ ಕೇಳಿದರೆ 15 ದಿನದೊಳಗೆ ವಿಶೇಷ ಸಭೆ ಕರೆಯಬೇಕೆಂದು 1994ರ ಕೇರಳ ಪಂಚಾಯತ್ ರಾಜ್ ಕಾಯ್ದೆ ಹೇಳುತ್ತದೆ. 1,200 ಮತದಾರರಿದ್ದರೆ 120 ಸಹಿ. ಎರಡು ಆದಿತ್ಯವಾರ ಮನೆಮನೆ ಸುತ್ತಿದರೆ ಆಗುವ ಕೆಲಸ.

ಸಭೆಯಲ್ಲಿ ಭಾಷಣ ಬೇಡ. ಎಂ ಬುಕ್ಕಿನ ಸಾಲು ಓದಿ, ನಿಮ್ಮ ಅಳತೆ ಓದಿ, ಗುತ್ತಿಗೆದಾರರಿಂದ ಸರಿಪಡಿಸಿಕೊಳ್ಳಬೇಕೆಂಬ ನಿರ್ಣಯ ಮಂಡಿಸಿ. ಸಭೆ ಏಳುವ ಮೊದಲು ಅದು ಮಿನಿಟ್ಸ್ ಪುಸ್ತಕದಲ್ಲಿ ಬರೆಯಲ್ಪಟ್ಟಿದೆಯೇ ಎಂದು ಕಣ್ಣಾರೆ ನೋಡಿ. ಮುಂದೆ ಸ್ಥಳೀಯ ಸಂಸ್ಥೆಗಳ ಮೇಲಿನ ದೂರು ವಿಚಾರಿಸುವ ಓಂಬುಡ್ಸ್‌ಮನ್‌ಗೆ ದೂರು ಕೊಡಬೇಕಾಗಿ ಬಂದರೆ ಆ ಪುಟದ ಪ್ರತಿ ಬೇಕಾಗುತ್ತದೆ. ಆ ಪ್ರತಿ ಕೇಳುವ ಅರ್ಜಿಗೂ ಹತ್ತು ರೂಪಾಯಿಯ ಸ್ಟ್ಯಾಂಪು ಸಾಕು.